ತಿಪ್ಪೆಯೊಳಗಿನ ಜೀವ

ಪಾಯಪ್ಪನ ಕೈ ಕೆಟ್ಟದ್ದೆಂದು ಪೀರನವಾಡಿಗೆಲ್ಲ ಗೊತ್ತಿತ್ತು. ಕೆಲವರಿಗೆ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ, ಇವನಿಗೆ ಬೆರಳ ತುದಿಯಲ್ಲಿತ್ತು. ಆ ವರ್ಷ ಮುಂಗಾರಿನ ಮಿರಗದ ಮಳೆಯಲ್ಲಿ ಬಿಳಿ ಎತ್ತು ಕೆಸರಿನಲ್ಲಿ ಕೂತುಬಿಟ್ಟಾಗ ಕೈಗೆ ಸಿಕ್ಕ ಬಡಿಗೆಯಿಂದ ಅದರ ಕಣ್ಣು, ತಲೆ ಎನ್ನದೆ ಬಾರಿಸಿದ್ದ. ಪಾಪದ ಪ್ರಾಣಿ ಎದ್ದಿತು, ಬದುವಿನವರೆಗೆ ನಡೆಯಿತು, ಅಲ್ಲೇ ಬಿದ್ದು ಸತ್ತಿತು.

ಅಂದಿನಿಂದ ತಾಯಿ ಚಂಪಾಬಾಯಿ ಅವನ ಕೈಯಿಂದ ಹನಿ ನೀರು ಮುಟ್ಟಲಿಲ್ಲ. ಬೈಯಲಿಲ್ಲ, ಅಳಲಿಲ್ಲ. ಅವನು ತಂಬಿಗೆ ಚಾಚಿದರೆ ಮುಖ ತಿರುಗಿಸುತ್ತಿದ್ದಳು, ಅಷ್ಟೆ. ಬಡಿಗೆಯ ಏಟಾದರೆ ಪಾಯಪ್ಪ ತಡೆದುಕೊಳ್ಳುತ್ತಿದ್ದ, ಇದನ್ನು ತಡೆಯುವುದು ಅವನಿಂದಾಗಲಿಲ್ಲ. ಚಾತುರ್ಮಾಸಕ್ಕೆ ಬಂದು ನೆಲೆಸಿದ್ದ ಜೈನ ಮುನಿಗಳ ಮುಂದೆ ಕೈಮುಗಿದು ವ್ರತ ಹಿಡಿದ. ದೀಪಾವಳಿಯವರೆಗೆ ಈ ಕೈಯಿಂದ ಒಂದು ಜೀವವೂ ಸಾಯಬಾರದು. ಹುಳಕ್ಕೆ ಎರಡು ಇಂದ್ರಿಯ, ಇರುವೆಗೆ ಮೂರು, ನೊಣಕ್ಕೆ ನಾಲ್ಕು, ಎತ್ತಿಗೂ ಮನುಷ್ಯನಿಗೂ ಐದು ಎಂದು ಮುನಿಗಳು ಬಿಡಿಸಿ ಹೇಳಿದ್ದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ. ವ್ರತ ಮುಗಿದ ದಿನ ನಿನ್ನ ಕೈಯಿಂದ ನೀರು ಕುಡಿಯುತ್ತೇನೆ ಎಂದಳು ತಾಯಿ. ಪಾಯಪ್ಪ ಆ ದಿನಕ್ಕಾಗಿ ಬದುಕಿದ.

ಎಲೆಕೋಸಿನ ಮಡಿಗೆ ಗೊಬ್ಬರ ಹಾಕುವ ಕಾಲ ಬರುವವರೆಗೆ ವ್ರತ ಸುಸೂತ್ರವಾಗಿಯೇ ನಡೆಯಿತು. ಬಾವಿಯ ಪಕ್ಕದ ತಿಪ್ಪೆಯಲ್ಲಿ ಹಳೆಯ ಸಗಣಿ ಗೊಬ್ಬರ ಕಪ್ಪಗೆ ಹದವಾಗಿ ಕೊಳೆತಿತ್ತು. ಆದರೆ ಸಲಿಕೆ ಹಾಕಿದರೆ ಸಾಕು, ಹೆಬ್ಬೆರಳು ಗಾತ್ರದ ಬಿಳಿ ಹುಳುಗಳು ಮುದುಡಿಕೊಂಡು ಉರುಳಿ ಬರುತ್ತಿದ್ದವು. ಪಾಯಪ್ಪ ಸಲಿಕೆ ಕೆಳಗಿಟ್ಟ. ಈ ತಿಪ್ಪೆಯನ್ನು ಮನೆಯವರು ಯಾರೂ ಮುಟ್ಟಕೂಡದು ಎಂದು ಅಪ್ಪಣೆ ಮಾಡಿದ.

ತಮ್ಮ ಭೂಪಾಲ ಮೆತ್ತನೆಯ ಮನುಷ್ಯ. ಹಾಗಾದರೆ ನಂದಗಡದ ಕಡೆಯ ಕುರಿ ಹಿಂಡನ್ನು ಮಡಿಯ ಪಕ್ಕದ ಬಯಲಿನಲ್ಲಿ ತರುಬೋಣ, ರಾತ್ರಿ ಮಲಗಿದಲ್ಲೇ ಹಿಕ್ಕೆ ಬೀಳುತ್ತದೆ, ಗುಡಿಸಿ ತಂದರಾಯಿತು, ಅಗೆಯುವ ಗೊಡವೆಯೇ ಇಲ್ಲ ಎಂದ. ಒಪ್ಪುವ ಮಾತೇ ಆಗಿತ್ತು. ಆದರೆ ಪಾಯಪ್ಪ ಒಪ್ಪಬೇಕಲ್ಲ! ನಾಳೆ ಕಸಾಯಿಯ ಕತ್ತಿಗೆ ಹೋಗುವ ಕುರಿಗಳ ಹಿಕ್ಕೆ ನನ್ನ ವ್ರತಕ್ಕೆ ಬೇಡ ಎಂದ. ಮಾತಾಡಲು ಬಂದಿದ್ದ ಕುರುಬನ ಕುತ್ತಿಗೆಗೆ ಕೈಹಾಕಿ ಹೊರದಬ್ಬಿದ. ಕಲ್ಲಿನ ಮೇಲೆ ಬಿದ್ದು ಅವನ ಮೊಣಕಾಲು ಒಡೆದು ರಕ್ತ ಸುರಿಯಿತು. ಸಾಯಲಿಲ್ಲವಲ್ಲ, ವ್ರತ ಮುರಿಯಲಿಲ್ಲ ಎಂದು ಪಾಯಪ್ಪ ಒಳಗೊಳಗೇ ಲೆಕ್ಕ ಹಾಕಿಕೊಂಡ.

ಮರುದಿನ ಬೆಳಗಾವಿಗೆ ಗಾಡಿ ಕಟ್ಟಿ, ಟಾಂಗಾದವರ ಲಾಯಗಳಿಂದ ಕುದುರೆ ಲದ್ದಿ ಹೇರಿಕೊಂಡು ಬಂದ. ಹಸಿ ಲದ್ದಿ, ದಾರಿಯುದ್ದಕ್ಕೂ ಹಬೆಯಾಡುತ್ತಿತ್ತು. ಅಷ್ಟು ಕಾವಿನಲ್ಲಿ ಹುಳು ಇರುವುದಿಲ್ಲ, ಅವನಿಗೆ ಬೇಕಾದದ್ದೂ ಅದೇ. ಇದು ಮೊದಲು ಕೊಳೆಯಬೇಕು, ಈಗಲೇ ಹಾಕಿದರೆ ಸಸಿ ಸುಡುತ್ತದೆ ಎಂದು ಭೂಪಾಲ ಅಂಗಲಾಚಿದ. ಪಾಯಪ್ಪ ಅವನ ಕಪಾಳಕ್ಕೆ ಬಿಗಿದ. ಭೂಪಾಲ ತುಟಿಯ ರಕ್ತ ಒರೆಸಿಕೊಂಡು ಅಣ್ಣನ ಜೊತೆ ಲದ್ದಿ ಹರವಿದ.

ವಾರ ಕಳೆಯುವಷ್ಟರಲ್ಲಿ ಎಲೆಗಳ ಅಂಚು ಸುಟ್ಟು ಕಪ್ಪಾಯಿತು. ಅರ್ಧ ಮಡಿ ನೆಲಕ್ಕೆ ಮಲಗಿತು. ಉಳಿದ ಅರ್ಧವಾದರೂ ಬದುಕಲಿ ಎಂದು ಒಂದು ಬೆಳಿಗ್ಗೆ ಭೂಪಾಲ ಅಣ್ಣನಿಗೆ ಹೇಳದೆ ಸಲಿಕೆ, ಬುಟ್ಟಿ ತೆಗೆದುಕೊಂಡು ತಿಪ್ಪೆಗೆ ಇಳಿದ.

ಪಾಯಪ್ಪ ಬಂದಾಗ ಕಂಡದ್ದು ಸಲಿಕೆಯ ಬಾಯಿಗೆ ಅಂಟಿಕೊಂಡಿದ್ದ ಅರ್ಧ ಹುಳು. ಅದು ಇನ್ನೂ ಮಿಸುಕುತ್ತಿತ್ತು. ನೆತ್ತರು ಅವನ ನೆತ್ತಿಗೇರಿತು.

"ಸಲಿಕಿ ಕೆಳಗ ಇಡು. ಜೀವ ಕಡ್ಯಾಕತ್ತಿ ನೀನು."

"ಒಂದು ತಪ್ಪಿ ಸಿಕ್ತಣ್ಣಾ. ಉಳಿದಾವೆಲ್ಲಾ ಆರಿಸಿ ಬಾಜೂಕ ಇಟ್ಟೇನಿ, ಬುಟ್ಟಿ ನೋಡಿಲ್ಲೆ."

ಪಾಯಪ್ಪ ಬುಟ್ಟಿ ನೋಡಲಿಲ್ಲ. ಸಲಿಕೆ ಕಸಿದುಕೊಂಡ. ಮೊದಲ ಪೆಟ್ಟು ತಮ್ಮನ ಭುಜಕ್ಕೆ ಬಿತ್ತು. ಭೂಪಾಲ ಕೈ ಅಡ್ಡ ಹಿಡಿದ, ಮುಂಗೈ ಲಟಕ್ಕನೆ ಮುರಿಯಿತು. ಅಣ್ಣಾ ಎಂದು ಕರೆದ. ಅಲ್ಲಿಗಾದರೂ ನಿಲ್ಲಬೇಕಿತ್ತು, ಆ ಕೈಗೆ ನಿಲ್ಲುವುದು ಗೊತ್ತಿರಲಿಲ್ಲ. ಆಮೇಲಿನ ಪೆಟ್ಟು ಕಿವಿಯ ಮೇಲೆ ಬಿತ್ತು. ಭೂಪಾಲ ಬುಟ್ಟಿಯ ಮೇಲೆಯೇ ಒರಗಿ ಬಿದ್ದ, ಬುಟ್ಟಿ ಮಗುಚಿತು. ಅದರ ತಳಕ್ಕೆ ಹಸಿ ಗೊಬ್ಬರದ ಮೆತ್ತೆ ಹಾಸಿ ಅವನು ಮಲಗಿಸಿದ್ದ ಹುಳುಗಳು ಒಂದೂ ಸಾಯದೆ ಹೊರಗೆ ಉರುಳಿದವು. ಅವನ ತಲೆಯಿಂದ ಹರಿದ ರಕ್ತ ಅವುಗಳ ನಡುವೆ ತಿಪ್ಪೆಗೆ ಇಂಗತೊಡಗಿತು.

ಪಾಯಪ್ಪನಿಗೆ ಆಗ ಬುಟ್ಟಿ ಕಂಡಿತು. ಬಾವಿಗೆ ಓಡಿ ತಂಬಿಗೆ ತುಂಬಿಕೊಂಡು ಬರುವಷ್ಟರಲ್ಲಿ ಚಂಪಾಬಾಯಿ ಬಂದು ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಆ ಮೈಯಲ್ಲಿ ಉಸಿರು ಇರಲಿಲ್ಲ.

"ಅವ್ವಾ, ಹುಳ ಕಡದಿದ್ದ," ಎಂದ ಪಾಯಪ್ಪ.

ಮಿರಗದ ಮಳೆಯ ನಂತರ ಮೊದಲ ಸಲ ಅವಳು ಅವನ ಮುಖವನ್ನು ನೆಟ್ಟಗೆ ನೋಡಿದಳು.

"ಇವಂಗ ಎಷ್ಟು ಇಂದ್ರಿಯ ಇದ್ದುವು, ಎಣಿಸಿ ಹೇಳೋ ಪಾಯಪ್ಪಾ."

ಅವನು ತಂಬಿಗೆ ಚಾಚಿಕೊಂಡೇ ನಿಂತ. ತಂಬಿಗೆ ವಾಲಿ ನೀರೆಲ್ಲ ತಿಪ್ಪೆಗೆ ಚೆಲ್ಲಿಹೋಯಿತು, ಚಂಪಾಬಾಯಿ ಮುಖ ತಿರುಗಿಸಿದಳು.