ಖಾಲಿ ಊರಿನ ತರಗತಿ

"ಮಿಸ್, ಅದು ನಮ್ಮ ಸ್ಕೂಲ್ ಗಂಟೆ," ಎಂದ ಸೋಡಾಬುಡ್ಡಿ.

ಭಿನ್ನರಾಶಿ ಕೂಡುವುದನ್ನು ಬರೆದು ತೋರಿಸುತ್ತಿದ್ದ ಶಿಕ್ಷಕಿಯ ಕೈ ಹಲಗೆಯ ಮೇಲೆಯೇ ನಿಂತಿತು. ಎದುರಿಗೆ ಡಬ್ಬಿಯೊಂದಕ್ಕೆ ಒರಗಿಸಿಟ್ಟಿದ್ದ ಫೋನಿನ ಪರದೆಯಲ್ಲಿ ಚೌಕ ಚೌಕವಾಗಿ ಕೂತಿದ್ದ ಮಕ್ಕಳೆಲ್ಲ ಒಮ್ಮೆಲೇ ಸುಮ್ಮನಾಗಿದ್ದರು. ದಪ್ಪ ಕನ್ನಡಕದ ಹುಡುಗ ಕಿವಿಯನ್ನು ಪರದೆಗೆ ಆನಿಸಿದ್ದರಿಂದ ಅವನ ಚೌಕದ ತುಂಬ ಬರೀ ಕಿವಿಯೇ ಕಾಣುತ್ತಿತ್ತು. ಮತ್ತೆ ಕೇಳಿಸಿತು. ಠಣ್. ತುಸು ತಡೆದು, ಇನ್ನೊಂದು ಠಣ್. ರೈಲು ಕಂಬಿಯ ತುಂಡಿಗೆ ಕಬ್ಬಿಣದ ಸುತ್ತಿಗೆ ತಗುಲುವ ಸದ್ದು. ಆ ಸದ್ದಿಗೆ ಎದ್ದು, ಆ ಸದ್ದಿಗೆ ಕೂತು ಶಿಕ್ಷಕಿಯ ಅರ್ಧ ಆಯುಷ್ಯವೇ ಕಳೆದಿತ್ತು. ಅವಳಿಗೂ ಗುರುತು ತಪ್ಪಲಿಲ್ಲ.

ಸದ್ದು ಬರುತ್ತಿದ್ದುದು ಮೆಣಸಿನಕಾಯಿಯ ಚೌಕದಿಂದ. ಎಲ್ಲರಿಗಿಂತ ಗಿಡ್ಡ, ಮಾತು ಮಾತ್ರ ಚುರುಕು. ಅದಕ್ಕೇ ತರಗತಿ ಇಟ್ಟ ಹೆಸರು ಅದು. ಈ ಫೋನಿನ ಪಾಠ ಶುರುವಾದಾಗಿನಿಂದ ಅವಳ ಚೌಕ ಕಪ್ಪಾಗಿಯೇ ಇತ್ತು. ಕ್ಯಾಮೆರಾ ಕೆಟ್ಟಿದೆ ಎಂದಿದ್ದಳು.

"ಎಲ್ಲಿದೀಯೇ ನೀನು?"

"ಇಲ್ಲೇ ಮಿಸ್."

"ಇಲ್ಲೇ ಅಂದ್ರೆ?"

ಕಪ್ಪು ಚೌಕದಿಂದ ಇನ್ನೊಂದು ಠಣ್ ಮಾತ್ರ ಬಂತು.

"ಗಂಟೆ ಯಾರು ಹೊಡೀತಿರೋದು?"

"ಯಾರೂ ಇಲ್ಲ ಮಿಸ್. ತಾನೇ ಹೊಡ್ಕೊಳ್ಳುತ್ತೆ," ಎಂದಳು ಮೆಣಸಿನಕಾಯಿ. "ಕಂಬ ವಾಲಿದೆ ಅಲ್ವಾ, ಗಾಳಿ ಬಂದ್ರೆ ಸುತ್ತಿಗೆ ಹೋಗಿ ತಾಗುತ್ತೆ. ಮೊದಮೊದಲು ನಂಗೂ ಭಯ ಆಗ್ತಿತ್ತು."

ಶಾಲೆಯಿದ್ದ ಆ ಊರಲ್ಲಿ ಈಗ ನರಪಿಳ್ಳೆಯೂ ಇರಬಾರದಿತ್ತು. ಹಳೆಯ ಗಣಿಯ ಸುರಂಗಗಳ ಮೇಲೆ ಕೂತ ಊರು ಅದು. ಗೋಡೆಗಳು ಬಿರುಕು ಬಿಡುವುದು ಅಲ್ಲಿ ಹೊಸದೇನಲ್ಲ. ಸುಣ್ಣ ಬಳಿದು ಮರೆಯುತ್ತಿದ್ದರು. ಆದರೆ ಒಂದು ಬೆಳಗ್ಗೆ ಪೇಟೆಯ ರಸ್ತೆ ಬಾಯಿ ತೆರೆದು ನಿಂತಿದ್ದ ಲಾರಿಯನ್ನು ನುಂಗಿದಾಗ, ಸಂಜೆಯೊಳಗೆ ಊರು ಖಾಲಿ ಮಾಡಿ ಎಂದು ಮೈಕಿನಲ್ಲಿ ಸಾರಿದರು. ಊರಿಗೆ ಊರೇ ಗಂಟುಮೂಟೆ ಕಟ್ಟಿತು. ಕೆಲವರು ಡೇರೆಗಳ ಶಿಬಿರ ಸೇರಿದರು, ಕೆಲವರು ನೆಂಟರ ಮನೆಯ ಮೂಲೆ ಹಿಡಿದರು. ಶಾಲೆಯ ಮಕ್ಕಳು ಚೆಲ್ಲಾಪಿಲ್ಲಿಯಾದರು. ಸಹಾಯ ಸಂಸ್ಥೆಯೊಂದು ಮಕ್ಕಳಿಗೆ ಫೋನು ಹಂಚಿದ ಮೇಲೆ, ಸೈಕಲ್ ರಿಪೇರಿ ಅಂಗಡಿಯ ಮಹಡಿಯ ಕೋಣೆಯಿಂದ ಶಿಕ್ಷಕಿ ಮತ್ತೆ ಪಾಠ ಶುರುಮಾಡಿದ್ದಳು. ಆ ಕೋಣೆಯಲ್ಲಿ ಅವಳೊಂದಿಗಿದ್ದುದು ಅವಳ ಅತ್ತೆ. ಗಂಡ ತೀರಿಕೊಂಡ ಮೇಲೆ ಇಬ್ಬರಿಗೂ ಇದ್ದುದು ಒಬ್ಬರಿಗೊಬ್ಬರೇ.

ಸಂಜೆ ಮೆಣಸಿನಕಾಯಿಯ ಅಪ್ಪನ ಫೋನು ಬಂತು. ಅವನು ಪಂಪ್ ಆಪರೇಟರು. ಗಣಿಯೊಳಗೆ ತುಂಬುವ ನೀರನ್ನು ಎತ್ತುತ್ತಲೇ ಇರಬೇಕು, ಇಲ್ಲವಾದರೆ ನೆಲ ಇನ್ನೂ ಬೇಗ ಕೂರುತ್ತದೆ ಎಂದು ಅವನೊಬ್ಬನನ್ನು ಮಾತ್ರ ಅಲ್ಲಿ ಉಳಿಸಿಕೊಂಡಿದ್ದರು. ತಾಯಿಯಿಲ್ಲದ ಮಗಳನ್ನು ಶಿಬಿರದ ಮಕ್ಕಳ ಡೇರೆಗೆ ಸೇರಿಸಿದ್ದ. ಆಮೇಲೆ ಡೀಸೆಲ್ ತರುವ ಗಾಡಿಯಲ್ಲಿ ಪೀಪಾಯಿಗಳ ನಡುವೆ ಕೂರಿಸಿಕೊಂಡು ವಾಪಸು ತಂದಿದ್ದ.

"ಅಲ್ಲಿ ಅನ್ನ ಬಿಟ್ಟಿದ್ಲು ಮಿಸ್. ಡೇರೆ ಬಟ್ಟೆ ಕಡೆ ಮುಖ ಮಾಡಿ ಮಲಗಿರ್ತಿದ್ಲು," ಎಂದ. ಹಿಂದೆ ಯಂತ್ರದ ಗಡಗಡ ಸದ್ದು. "ಪಂಪ್ ಮನೆ ಬಂಡೆ ಮೇಲಿದೆ. ಏನೂ ಆಗಲ್ಲ. ಇಲ್ಲಿ ಫೋನ್ ಮಾತ್ರ ಆಗುತ್ತೆ, ನೆಟ್ ಬೇಕಂದ್ರೆ ಊರೊಳಗೆ ಹೋಗ್ಬೇಕು, ಅದಕ್ಕೇ ಸ್ಕೂಲ್ ಮೆಟ್ಟಿಲಲ್ಲಿ ಕೂರ್ತಾಳೆ. ನೀವು ಬಾಯಿ ಬಿಟ್ರೆ ನನ್ನ ಕೆಲಸ ಹೋಗುತ್ತೆ, ಹೋದ್ರೆ ಹೋಗ್ಲಿ. ಅವಳನ್ನ ಮಾತ್ರ ಮತ್ತೆ ಅಲ್ಲಿಗೆ ಕಳಿಸ್ಬೇಡಿ."

ಯೋಚನೆ ಮಾಡುತ್ತೇನೆ ಎಂದಳು ಶಿಕ್ಷಕಿ. ಬೆಳಗಾದ ಮೇಲೆ ಸಂಸ್ಥೆಯವರಿಗೆ ತಿಳಿಸಲೇಬೇಕು ಎಂದು ಮನಸ್ಸು ಗಟ್ಟಿಮಾಡಿಕೊಂಡೇ ಮಲಗಿದಳು.

ಆದರೆ ಮರುದಿನ ಪಾಠದ ಹೊತ್ತಿಗೆ ಪರದೆ ತುಂಬಿ ತುಳುಕುತ್ತಿತ್ತು. ವಾರಗಟ್ಟಲೆ ಮುಖ ತೋರಿಸದವರು ಬಂದಿದ್ದರು. ಬೇಕರಿಯವರ ಮಗಳು ತನ್ನ ಫೋನಿನ ಮುಂದೆ ಅಪ್ಪ, ಅಮ್ಮ, ಚಿಕ್ಕಮ್ಮ ಎಲ್ಲರನ್ನೂ ಕೂರಿಸಿಕೊಂಡಿದ್ದಳು.

"ಮಿಸ್, ಒಂದೇ ಒಂದು ಸಲ ತೋರಿಸೋಕೆ ಹೇಳಿ ಮಿಸ್. ನಮ್ಮ ಕ್ಲಾಸ್‌ರೂಮ್ ಮಾತ್ರ."

ಮೆಣಸಿನಕಾಯಿ ಕ್ಯಾಮೆರಾ ಹಾಕಿದಳು. ಕೆಟ್ಟಿರಲೇ ಇಲ್ಲ ಅದು. ಕಿಟಕಿಯಾಚೆಯಿಂದ ಕಂಡ ತರಗತಿಯಲ್ಲಿ ಬೆಂಚುಗಳೆಲ್ಲ ಯಾರೋ ಕರೆದಂತೆ ಒಂದೇ ಗೋಡೆಗೆ ಹೋಗಿ ಒತ್ತಿಕೊಂಡಿದ್ದವು. ಕರಿಹಲಗೆಯ ಮೇಲೆ ಕೊನೆಯ ದಿನದ ಲೆಕ್ಕ ಹಾಗೆಯೇ ಇತ್ತು, ಬಿಡಿಸದೆ.

ಒಂದು ಸಲ ಎಂದುದು ಒಂದು ಸಲಕ್ಕೆ ನಿಲ್ಲಲಿಲ್ಲ. ದಿನಾ ಪಾಠ ಮುಗಿದ ಮೇಲೆ ಮೆಣಸಿನಕಾಯಿ ಫೋನು ಹಿಡಿದು ಬೀದಿಗಿಳಿಯುತ್ತಿದ್ದಳು, ಮಕ್ಕಳು ದಾರಿ ಹೇಳುತ್ತಿದ್ದರು. ಎಡಕ್ಕೆ ಹೋಗು, ಟೈಲರ್ ಅಂಗಡಿ ದಾಟು, ಅದೇ, ಅದೇ ನೀಲಿ ಗೇಟು. ಬೇಕರಿಯ ಗಾಜಿನ ಕಪಾಟಿನಲ್ಲಿ ಬನ್ನುಗಳು ಹಸಿರು ಕೂದಲು ಬೆಳೆಸಿಕೊಂಡು ಸಾಲಾಗಿ ಕೂತಿದ್ದವು. ಸೋಡಾಬುಡ್ಡಿಯ ಮನೆಯ ವರಾಂಡದಲ್ಲಿ ಚೆಂಡೊಂದು ತಾನೇ ಉರುಳಿ ಕಂಬಕ್ಕೆ ತಾಗಿ ನಿಂತಾಗ ಅವನು, "ಹಾಯ್!" ಎಂದು ಕೈ ಬೀಸಿದ. ಎಲ್ಲರೂ ನಕ್ಕರು. 

"ಬಾಗಿಲುಗಳೂ ಹಾಗೇ ಮಿಸ್," ಎಂದಳು ಮೆಣಸಿನಕಾಯಿ. "ಬೆಳಗ್ಗೆ ಮುಚ್ಚಿರ್ತವೆ, ಸಂಜೆ ನೋಡಿದ್ರೆ ತೆಗೆದಿರ್ತವೆ. ನೆಲ ಅಲ್ಲಾಡಿದ್ರೆ ಹಾಗಾಗುತ್ತಂತೆ. ಯಾರ ಮನೆ ಒಳಗೂ ಕಾಲಿಡಲ್ಲ ಅಂತ ಅಪ್ಪ ತಮ್ಮ ತಲೆ ಮುಟ್ಟಿಸಿ ಆಣೆ ಹಾಕಿಸ್ಕೊಂಡಿದಾರೆ."

ಶಿಕ್ಷಕಿ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಕಂಡದ್ದನ್ನು ಮಕ್ಕಳು ಪ್ರಬಂಧ ಬರೆಯುತ್ತಿದ್ದಾರೆ, ಇದೂ ಪಾಠವೇ. ಸಂಸ್ಥೆಯ ಮೇಲ್ವಿಚಾರಕಿ ಫೋನು ಮಾಡಿ, "ನಿಮ್ಮ ತರಗತಿಯ ಹಾಜರಿ ಎಲ್ಲರಿಗಿಂತ ಚೆನ್ನಾಗಿದೆ, ಅದೇನು ಮಂತ್ರ ಹಾಕ್ತೀರಿ?" ಎಂದಾಗ, ಮಕ್ಕಳಿಗೆ ಪ್ರಬಂಧ ಬರೆಸ್ತಿದೀನಿ ಎಂದಷ್ಟೇ ಹೇಳಿದಳು. ನಾಳೆ ಹೇಳುತ್ತೇನೆ ಎಂದುಕೊಂಡಳು. ಆ ನಾಳೆ ಬರಲೇ ಇಲ್ಲ.

ಅತ್ತೆ ಇಷ್ಟು ದಿನವೂ ಹಿಂದೆ ಕೂತು ಬಟ್ಟೆ ಮಡಚುವ ನೆಪದಲ್ಲಿ ಎಲ್ಲವನ್ನೂ ನೋಡುತ್ತಿದ್ದರು. ಅಂದು ಎದ್ದು ಬಂದು ಸೊಸೆಯ ಭುಜದ ಮೇಲಿಂದ ಬಗ್ಗಿದರು.

"ಊರವರ ಮನೆಯೆಲ್ಲಾ ಆಯ್ತು. ನಮ್ಮನೆ ಏನು ಪಾಪ ಮಾಡಿದೆ?"

"ಸುಮ್ನಿರಿ ಅತ್ತೆ."

"ನೀನು ಸುಮ್ನಿರು. ಮಗೂ, ಗಿರಣಿ ಹಿಂದಿನ ಬೀದಿ, ಕೊನೇ ಮನೆ. ನೋಡಿ ಬರ್ತೀಯಾ?"

ಶಿಕ್ಷಕಿ ಬೇಡ ಎನ್ನಬಹುದಿತ್ತು. ಅವಳ ಕಣ್ಣಿಗೂ ಆ ಮನೆ ಬೇಕಾಗಿತ್ತು.

ಇಳಿಬಿಸಿಲಲ್ಲಿ ಗೇಟು ಕಂಡಿತು, ಒಣಗಿದ ಹೂಕುಂಡಗಳು ಕಂಡವು, ಆಮೇಲೆ ಬಾಗಿಲು. ಬೀಗ ಹಾಕಿದ ಹಾಗೆಯೇ ಚಿಲಕದಲ್ಲಿ ನೇತಾಡುತ್ತಿತ್ತು. ಆದರೆ ಚಿಲಕದ ಕೊಂಡಿಯೇ ಚೌಕಟ್ಟಿನಿಂದ ಕಿತ್ತುಬಂದು, ಬಾಗಿಲು ಒಳಕ್ಕೆ ಹಾರುಹೊಡೆದಿತ್ತು.

"ನಾನೇ ಬೀಗ ಹಾಕಿ ಜಗ್ಗಿ ಜಗ್ಗಿ ನೋಡಿದ್ದೆ," ಎಂದರು ಅತ್ತೆ, ಯಾರೋ ತಮ್ಮನ್ನು ಬೈದರೆಂಬಂತೆ. ಮೆಣಸಿನಕಾಯಿ ಹೊಸ್ತಿಲ ಈಚೆಯಿಂದಲೇ ಫೋನನ್ನು ಒಳಕ್ಕೆ ತಿರುಗಿಸಿದಳು. ಮಂಚ ತನ್ನ ಮೂಲೆ ಬಿಟ್ಟು ಕೋಣೆಯ ನಡುವಿಗೆ ಬಂದು ನಿಂತಿತ್ತು. ಎದುರಿನ ಗೋಡೆಯ ಮೇಲೆ ಅತ್ತೆಯ ಮಗನ ಫೋಟೊ. ಗೋಡೆ ವಾಲಿತ್ತು. ಮೊಳೆಯಿಂದ ಇಳಿಬಿದ್ದ ಫೋಟೊ ಮಾತ್ರ ನೆಟ್ಟಗಿತ್ತು. ಹಾಗಾಗಿ ಅವನು ಗೋಡೆಯಿಂದ ತುಸು ಮುಂದೆ ಬಾಗಿ, ಬಂದವರು ಯಾರು ಎಂದು ನೋಡುವಂತೆ ಕಾಣುತ್ತಿದ್ದ.

"ಅಯ್ಯೋ ಕಂದಾ," ಎಂದರು ಅತ್ತೆ. "ಅದೊಂದನ್ನ ಮರೆತು ಬಂದ್ಬಿಟ್ಟೆ ನೋಡು. ಮಗೂ, ಕೈಗೆ ಸಿಗುತ್ತಾ ಅದು?"

"ಅಪ್ಪ ಒಳಗೆ ಹೋಗ್ಬೇಡ ಅಂದಿದಾರೆ ಅಜ್ಜಿ."

ಅತ್ತೆ ಸೊಸೆಯ ಮುಖ ನೋಡಿದರು. ಮೆಣಸಿನಕಾಯಿ ಕೇಳಿದಳು: "ಹೋಗ್ಲಾ ಮಿಸ್?"

"ಬೇಗ ಹೋಗಿ ಬಾ," ಎಂದಳು ಶಿಕ್ಷಕಿ.

ಹುಡುಗಿ ಫೋನನ್ನು ಪಕ್ಕದ ಗೋಡೆಯ ಗೂಡಿನಲ್ಲಿ ಒರಗಿಸಿಟ್ಟು, ಮಂಚವನ್ನು ಫೋಟೊದ ಕೆಳಕ್ಕೆ ನೂಕಿ ಹತ್ತಿ, ತುದಿಗಾಲಲ್ಲಿ ನಿಂತು ಫೋಟೊ ಇಳಿಸಿಕೊಂಡಳು. ಅದನ್ನು ಎದೆಗವಚಿ ಫೋನಿನತ್ತ ತಿರುಗಿ ನಕ್ಕಳು. ಅವಳ ಬೆನ್ನ ಹಿಂದೆ, ಯಾವ ಆತುರವೂ ಇಲ್ಲದೆ, ಬಾಗಿಲು ಮುಚ್ಚಿಕೊಳ್ಳುತ್ತಿತ್ತು.

"ಮೆಣಸು, ಹಿಂದೆ!" ಎಂದು ಕಿರುಚಿದ ಸೋಡಾಬುಡ್ಡಿ.

ಅವಳು ತಿರುಗುವಷ್ಟರಲ್ಲಿ ಬಾಗಿಲು ಕೂತಾಗಿತ್ತು. ಎಳೆದಳು, ಒದ್ದಳು. ಅದು ಗೋಡೆಯೇ ಆಗಿಹೋದಂತೆ ಬಿಗಿದುಕೊಂಡಿತ್ತು. ಎಲ್ಲಿಂದಲೋ, ಬಹಳ ಕೆಳಗಿನಿಂದ, ಭಾರದ ಪೆಟ್ಟಿಗೆಯನ್ನು ಯಾರೋ ಎಳೆದಂತೆ ಸದ್ದಾಯಿತು. ಸೂರಿನಿಂದ ಮಣ್ಣು ಉದುರಿತು.

"ಹಿತ್ತಲ ಬಾಗಿಲು ನೋಡು ಮಗೂ!" ಎಂದರು ಅತ್ತೆ. ಓಡಿದ ಹೆಜ್ಜೆ, ಬಡಿದ ಸದ್ದು, ಆಮೇಲೆ ಅಳು. ಅದೂ ತೆರೆಯಲಿಲ್ಲ. ಕಿಟಕಿಗಳಿಗೆಲ್ಲ ಸರಳು.

ಶಿಕ್ಷಕಿ ಅತ್ತೆಯ ಫೋನಿನಿಂದ ಪಂಪ್ ಮನೆಗೆ ಕರೆ ಮಾಡಿದಳು. ರಿಂಗಾಯಿತು, ರಿಂಗಾಗುತ್ತಲೇ ಇತ್ತು. ಯಂತ್ರದ ಸದ್ದಿನಲ್ಲಿ ಅವನಿಗೆಲ್ಲಿ ಕೇಳಬೇಕು? ಊರಾಚೆಯ ತಡೆಗೇಟಿನ ಕಾವಲಿನವರ ನಂಬರು ಊರು ಬಿಟ್ಟವರೆಲ್ಲರ ಹತ್ತಿರವೂ ಇತ್ತು. ಅದನ್ನು ಒತ್ತಿದಳು. "ನಮ್ಮ ಮನೇಲಿ ಒಂದು ಮಗು ಸಿಕ್ಕಾಕ್ಕೊಂಡಿದೆ. ಹೌದು, ಒಳಗೆ. ಹೌದು, ಗೊತ್ತು. ನಂಗೆ ಮೊದಲಿಂದ ಗೊತ್ತು. ದಯವಿಟ್ಟು ಬೇಗ ಹೋಗಿ," ಎಂದಳು. ತನ್ನ ಹೆಸರನ್ನೂ ವಿಳಾಸವನ್ನೂ ಅವರು ಕೇಳುವ ಮೊದಲೇ ಹೇಳಿದಳು.

ಅಷ್ಟರಲ್ಲಿ ಸೋಡಾಬುಡ್ಡಿ ಶುರುಮಾಡಿದ್ದ.

"ಮೆಣಸು, ಕೇಳ್ತಿದೀಯಾ? ಹದಿನೇಳರ ಮಗ್ಗಿ. ನಿಂಗೆ ಬರಲ್ಲ ಅಲ್ವಾ, ಹೇಳು ನೋಡೋಣ. ಹದಿನೇಳೊಂದ್ಲ ಹದಿನೇಳು..."

"ನಂಗೆ ಬರುತ್ತೆ," ಎಂದು ಬಿಕ್ಕುತ್ತಲೇ ಹೇಳಿತು ಆ ದನಿ. "ಹದಿನೇಳೆರಡ್ಲ ಮೂವತ್ನಾಲ್ಕು..."

ಬೇಕರಿಯವರ ಮಗಳು ಸೇರಿಕೊಂಡಳು. ಆಮೇಲೆ ಡೇರೆಯಲ್ಲಿದ್ದವರು, ನೆಂಟರ ಮನೆಯ ಮೆಟ್ಟಿಲಲ್ಲಿ ಕೂತವರು. ಒಬ್ಬೊಬ್ಬರ ಸಿಗ್ನಲ್ಲೂ ಒಂದೊಂದು ಥರ. ಒಬ್ಬರ ಐವತ್ತೊಂದು ಇನ್ನೊಬ್ಬರ ಅರವತ್ತೆಂಟರ ಮೇಲೆ ಬೀಳುತ್ತಿತ್ತು. ಗೂಡಿನಲ್ಲಿದ್ದ ಆ ಫೋನಿನಿಂದ ದನಿಗಳು ಹೊರಬಂದು, ಖಾಲಿ ಕೋಣೆಗಳಿಗೆಲ್ಲ ಹೊಕ್ಕು, ತಡವಾಗಿ ಮರಳಿ ಬರುತ್ತಿದ್ದವು. ಅತ್ತೆ ಕಣ್ಣು ಮುಚ್ಚಿಕೊಂಡರು. ಮನೆ ಕಟ್ಟಿದಾಗಿನಿಂದ ಅಲ್ಲಿ ಅಷ್ಟು ಮಕ್ಕಳ ಸದ್ದು ಎಂದೂ ಆಗಿರಲಿಲ್ಲ.

ಕಾವಲಿನವನು ವಾಪಸು ಫೋನು ಮಾಡಿದ. "ಮೇಡಂ, ನಿಮ್ಮ ಗೇಟಿನ ಹತ್ರ ಇದೀವಿ. ಒಂದು ಮಗು ಅಂದ್ರಲ್ಲ? ಒಳಗೆ ಎಷ್ಟು ಮಕ್ಕಳಿದಾರೆ?"

"ಒಂದೇ."

"ಇಲ್ಲ ಮೇಡಂ. ನಮಗೆ ಕೇಳಿಸ್ತಿದೆ. ತುಂಬಾ ಜನ ಇದಾರೆ. ನಮ್ಮವನೊಬ್ಬ ಒಳಗೆ ಬರಲ್ಲ ಅಂತ ಗಾಡೀಲೇ ಕೂತಿದಾನೆ."

"ಅವರೆಲ್ಲ ಇಲ್ಲಿದಾರೆ, ಫೋನಲ್ಲಿ. ಅಲ್ಲಿರೋದು ಒಂದೇ ಮಗು ಅಪ್ಪಾ. ಹೋಗಿ!"

ಕಬ್ಬಿಣದ ಸರಳಿಗೆ ಹಾರೆ ಬಿದ್ದ ಸದ್ದು ಎಲ್ಲ ಚೌಕಗಳಲ್ಲೂ ಕೇಳಿತು. ಗಂಡಸರ ಮಾತು, ಗಾಜು ಒಡೆದದ್ದು, "ಅದನ್ನ ಬಿಡೇ, ಕೈ ಕೊಡು", "ಬಿಡಲ್ಲ, ಅಜ್ಜಿದು". ಆಮೇಲೆ ಗಾಡಿಯೊಂದು ಬಹಳ ಜೋರಾಗಿ ಹೊರಟುಹೋಯಿತು. ಮಗ್ಗಿ ಎಲ್ಲೋ ನಡುವೆ ನಿಂತಿತು.

ಹುಡುಗಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ತಡೆಗೇಟಿನ ಬಳಿ ಅಪ್ಪ ಅವಳನ್ನು ಎತ್ತಿಕೊಂಡು ಕೂತಿದ್ದಾನೆ, ಇಬ್ಬರನ್ನೂ ಶಿಬಿರಕ್ಕೆ ಕಳಿಸುತ್ತಾರೆ, ಪಂಪಿಗೆ ಬೇರೆಯವರು ಬರುತ್ತಾರೆ ಎಂದು ತಿಳಿಯಿತು. ಅವನು ಒಂದು ನಿಮಿಷ ಮಾತಾಡಿದ. ಬೈಯಲಿಲ್ಲ. "ಅವಳು ಕೇಳಿದ್ಲಂತಲ್ಲ ಮಿಸ್, ಹೋಗ್ಲಾ ಅಂತ," ಎಂದಷ್ಟೇ ಹೇಳಿ ಫೋನಿಟ್ಟ. ಶಿಕ್ಷಕಿ ಮೇಲ್ವಿಚಾರಕಿಗೆ ತಾನೇ ಕರೆ ಮಾಡಿ ಒಂದನ್ನೂ ಬಿಡದೆ ಹೇಳಿದಳು. ಆ ಕಡೆಯವಳು ಎಲ್ಲವನ್ನೂ ಬರೆದುಕೊಂಡಳು. ಆಮೇಲೆ, ನಾಳೆಯಿಂದ ನಿಮ್ಮ ತರಗತಿಯನ್ನು ಬೇರೆಯವರು ತೆಗೆದುಕೊಳ್ಳುತ್ತಾರೆ ಎಂಬ ಮಾತು.

ಅವಳು ಮೇಜಿನ ಬಳಿಗೆ ಮರಳಿದಾಗ ಪಾಠದ ಕರೆ ಇನ್ನೂ ಕಡಿದಿರಲಿಲ್ಲ. ಆ ಗಲಿಬಿಲಿಯಲ್ಲಿ ಗೂಡಿನ ಫೋನನ್ನು ಯಾರೂ ತೆಗೆದುಕೊಂಡಿರಲಿಲ್ಲ. ಮೆಣಸಿನಕಾಯಿಯ ಚೌಕದಲ್ಲಿ ಕೋಣೆ ಇತ್ತು. ಮಂಚ, ಉದುರಿದ ಮಣ್ಣು, ಗೋಡೆಯ ಮೇಲೆ ಫೋಟೊ ಇದ್ದ ಜಾಗದಲ್ಲಿ ಬೆಳ್ಳಗಿನ ಒಂದು ಚೌಕ. ಸುತ್ತಲಿನ ಚೌಕಗಳಲ್ಲಿ ಮಕ್ಕಳು. ಯಾರೂ ಹೋಗಿರಲಿಲ್ಲ. ಎಲ್ಲರೂ ಅದನ್ನೇ ನೋಡುತ್ತಿದ್ದರು. ಅತ್ತೆ ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತಿದ್ದರು.

"ಸಾಕು ಮಕ್ಕಳೇ, ಕಟ್ ಮಾಡ್ತೀನಿ," ಎಂದು ಶಿಕ್ಷಕಿ ಬೆರಳು ಚಾಚಿದಳು.

ಅತ್ತೆ ಮೆಲ್ಲಗೆ ಅವಳ ಕೈ ಹಿಡಿದರು.

ಆ ಕೋಣೆಯಲ್ಲಿ, ಅಷ್ಟು ಹೊತ್ತು ಬಡಿದರೂ ಜಗ್ಗದ ಬಾಗಿಲು, ತೆರೆದುಕೊಳ್ಳುತ್ತಿತ್ತು. ಸದ್ದಿಲ್ಲದೆ, ನಿಧಾನವಾಗಿ, ಗೋಡೆಗೆ ತಾಗುವವರೆಗೂ ತೆರೆದುಕೊಂಡಿತು. ಹೊರಗಿನ ಕಡೇ ಬೆಳಕು ಹೊಸ್ತಿಲು ದಾಟಿ, ಮಂಚದ ಕಾಲಿನವರೆಗೆ ಬಂದು ನಿಂತಿತು.