ಓಬಣ್ಣ ಸತ್ತ ಸುದ್ದಿ

ಹಿರೇಗುಂಟನೂರಿನ ಓಬಣ್ಣನ ಮನೆಯಲ್ಲಿ ಕುರಿ ಕಾಯುವುದರ ಜೊತೆಗೆ ಇನ್ನೊಂದು ಕಸುಬು ತಲೆತಲಾಂತರದಿಂದ ನಡೆದುಬಂದಿತ್ತು. ಗುಡ್ಡದ ಕಲ್ಲಿನಲ್ಲಿ ಕಾಲು ಸಿಕ್ಕಿಸಿಕೊಂಡು ಮುರಿದುಕೊಂಡ ಕುರಿಗೆ ಬಿದಿರಿನ ದಬ್ಬೆ ಕಟ್ಟಿ ಮೂಳೆ ಕೂಡಿಸುವುದನ್ನು ಅವನ ತಾತ ಬಲ್ಲವನಾಗಿದ್ದ. ಅಪ್ಪ ಅದನ್ನೇ ಮನುಷ್ಯರಿಗೂ ಮಾಡಿದ. ಓಬಣ್ಣನ ಕಾಲಕ್ಕೆ ಅದು ಬೆರಳಿಗೇ ಇಳಿದುಬಿಟ್ಟಿತ್ತು. ಕೈಗೆ ಹರಳೆಣ್ಣೆ ಹಚ್ಚಿಕೊಂಡು ಉಳುಕಿದ ಜಾಗವನ್ನು ಮುಟ್ಟಿದನೆಂದರೆ, ಒಳಗೆ ಏನು ಸರಿದಿದೆ, ಏನು ಹರಿದಿದೆ ಎಂದು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದ.

ಅಂಥವನು ಫುಟ್ಬಾಲಿಗೆ ಸೇರಿದ್ದು ಹುಲ್ಲು ಕೊಯ್ಯಲು ಹೋಗಿ. ಸಾವಿರದ ಒಂಬೈನೂರ ಅರವತ್ತೈದರ ಸುಮಾರಿಗೆ ನೆಂಟರೊಬ್ಬರ ಹಿಂದೆ ಬೆಂಗಳೂರಿಗೆ ಹೋದವನಿಗೆ ಆಟದ ಮೈದಾನವೊಂದರಲ್ಲಿ ಮಾಲಿ ಕೆಲಸ ಸಿಕ್ಕಿತು. ಒಂದು ದಿನ ಅಭ್ಯಾಸದ ವೇಳೆ ಆಟಗಾರನೊಬ್ಬ ಪಾದ ಹೊರಳಿಸಿಕೊಂಡು ಬಿದ್ದ. ಎಲ್ಲರೂ ಐಸು, ಡಾಕ್ಟರು ಎಂದು ಓಡಾಡುತ್ತಿದ್ದಾಗ ಓಬಣ್ಣ ಕುಡುಗೋಲು ಕೆಳಗಿಟ್ಟು ಬಂದು ಕುಕ್ಕರಗಾಲಲ್ಲಿ ಕುಳಿತ. ಎರಡು ನಿಮಿಷ ನೀವಿ, ಒಂದು ಸಲ ಎಳೆದ. ಮೂರನೆಯ ದಿನ ಆ ಆಟಗಾರ ಓಡುತ್ತಿದ್ದ. ಅಲ್ಲಿಂದ ಮೈಸೂರು ರಾಜ್ಯದ ತಂಡ ಎಲ್ಲಿಗೆ ಹೊರಟರೂ ರೈಲಿನಲ್ಲಿ ಓಬಣ್ಣನಿಗೊಂದು ಜಾಗವಿರುತ್ತಿತ್ತು. ಆಟಗಾರರೆಲ್ಲ ಅವನನ್ನು ಮಾಲೀಸಿನ ಓಬಣ್ಣ ಎಂದೇ ಕರೆಯುತ್ತಿದ್ದರು.

ಅವನು ಸೇರಿದ್ದು ಒಳ್ಳೆಯ ಕಾಲದಲ್ಲಿ. ತಂಡ ಎರಡು ವರ್ಷ ಬೆನ್ನುಬೆನ್ನಿಗೆ ಬಂಗಾಳದವರನ್ನು ಸೋಲಿಸಿ ಸಂತೋಷ್ ಟ್ರೋಫಿ ತಂದಿತು. ಎರಡನೆಯ ಸಲದ ಫೈನಲ್ಲಿನ ಹಿಂದಿನ ದಿನ ಊರಿಂದ ತಂತಿ ಬಂತು, ಹೆಂಡತಿ ಜುಂಜಮ್ಮನಿಗೆ ಕಾಯಿಲೆ ಜೋರಾಗಿದೆ ಎಂದು. ಹನ್ನೊಂದು ಜನರ ಇಪ್ಪತ್ತೆರಡು ಕಾಲು ತನ್ನ ಕೈಯಲ್ಲಿವೆ ಎಂದುಕೊಂಡು ಓಬಣ್ಣ ಒಂದು ದಿನ ತಡೆದ. ಊರು ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು. ಹನ್ನೆರಡು ವರ್ಷದ ಮಗಳು ಕಾಳಕ್ಕ ಅಪ್ಪನ ಮುಖವನ್ನು ಮೂರು ದಿನ ನೋಡಲಿಲ್ಲ. ಅವಳು ಅಜ್ಜಿಯ ಬಳಿ ಬೆಳೆದು, ಮುಂದೆ ಹಿರಿಯೂರಿಗೆ ಮದುವೆಯಾಗಿ ಹೋದಳು.

ಆಮೇಲೆ ತಂಡಕ್ಕೂ ಹಳೆಯ ಬಲ ಉಳಿಯಲಿಲ್ಲ. ಎಪ್ಪತ್ತರಲ್ಲಿ ಪಂಜಾಬಿನವರ ಎದುರು ಫೈನಲ್ ಸೋತಿತು. ಎಪ್ಪತ್ತಮೂರರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. ಬನಿಯನ್ನಿನ ಮೇಲಿನ ಅಕ್ಷರವೂ ಬದಲಾಯಿತು. ಗೆಲ್ಲಿಸಿದ ಹಳಬರು ಒಬ್ಬೊಬ್ಬರಾಗಿ ಬಿಟ್ಟುಹೋದರು. ಹೊಸಬರು ಮಾಲೀಸಿಗೆ ಕಾಲು ಚಾಚಿ ಸುಮ್ಮನೆ ಮಲಗುತ್ತಿದ್ದರು. ಅವರ ತಮಿಳು, ಇಂಗ್ಲಿಷ್ ಮಾತು ಓಬಣ್ಣನಿಗೆ ಅರ್ಧ ತಿಳಿಯುತ್ತಿತ್ತು, ಅರ್ಧ ಇಲ್ಲ.

ಆ ಹೊಸಬರ ನಡುವೆ ಒಬ್ಬ, ಮಾಲೀಸಿನ ಬೆಂಚಿನ ಮೇಲೆ ಮಲಗಿದವನು, ಒಂದು ಬೆಳಿಗ್ಗೆ, ‘ಅಲ್ಲಲ್ಲ, ಸ್ವಲ್ಪ ಕೆಳಗೈತೆ ನೋಡು ನೋವು’ ಎಂದ. ಓಬಣ್ಣನ ಕೈ ನಿಂತಿತು.

‘ಯಾವೂರಪ್ಪ ನಿಂದು?’

‘ಹೊಸದುರ್ಗ.’

ಅವನೇ ಪರಮೇಶ್ವರಪ್ಪ. ತೆಂಗಿನ ತೋಟದ, ಕೊಬ್ಬರಿ ವ್ಯಾಪಾರದ ಮನೆಯ ಒಬ್ಬನೇ ಮಗ. ಚಿತ್ರದುರ್ಗದಲ್ಲಿ ಹೈಸ್ಕೂಲು ಓದುವಾಗ ಬರಿಗಾಲಲ್ಲಿ ಆಡಿ ಕಲಿತವನು, ಬೆಂಗಳೂರಿನ ಕಾಲೇಜಿಗೆ ಬಂದ ಮೇಲೆ ಬೂಟು ಕಟ್ಟಿದ. ಎಡಬದಿಯ ಗೆರೆ ಹಿಡಿದು ಓಡಲು ಶುರುಮಾಡಿದರೆ ಅವನನ್ನು ಹಿಡಿಯುವವರಿರಲಿಲ್ಲ. ಓಬಣ್ಣನಿಗೆ ಅವನು ಬರೀ ಆಟಗಾರನಾಗಿ ಉಳಿಯಲಿಲ್ಲ. ಬೇರೆಯವರ ಕಾಲಿಗೆ ಹತ್ತು ನಿಮಿಷ ಕೊಟ್ಟರೆ ಅವನಿಗೆ ಅರ್ಧ ಗಂಟೆ ಕೊಡುತ್ತಿದ್ದ. ನಮ್ಮ ಕಡೆ ಹುಡುಗ, ಎಂದು ಅಡುಗೆಯವನಿಗೆ ಹೇಳಿ ಒಂದು ಸೌಟು ಹೆಚ್ಚು ಹಾಕಿಸುತ್ತಿದ್ದ.

ಹೆಸರು ಬದಲಾದ ಮರುವರ್ಷ ಟೂರ್ನಮೆಂಟು ಉತ್ತರದ ಚಳಿಯ ಊರೊಂದರಲ್ಲಿ ನಡೆಯಿತು. ಮುಖ್ಯವಾದ ಆಟಕ್ಕೆ ಎರಡು ದಿನ ಮೊದಲು, ಅಭ್ಯಾಸದಲ್ಲಿ, ಪರಮೇಶ್ವರಪ್ಪ ಬಲಮಂಡಿ ತಿರುಚಿಕೊಂಡ. ಯಾರಿಗೂ ಹೇಳಲಿಲ್ಲ. ಆಟದ ದಿನ ಬೆಳಿಗ್ಗೆ ಎಲ್ಲರೂ ತಿಂಡಿಗೆ ಹೋದ ಮೇಲೆ ಓಬಣ್ಣನ ಮುಂದೆ ಪೈಜಾಮ ಮೇಲೆತ್ತಿದ. ಮಂಡಿ ಬಾತು ಹೊಳೆಯುತ್ತಿತ್ತು. ಓಬಣ್ಣ ಎರಡು ಹೆಬ್ಬೆರಳಿಟ್ಟು ಚಿಪ್ಪಿನ ಅಕ್ಕಪಕ್ಕ ಒತ್ತಿ ನೋಡಿದ. ಒಳಗೆ ಒಂದು ನರ ಅರ್ಧ ಹರಿದಿರುವುದು ಅವನಿಗೆ ಗೊತ್ತಾಯಿತು.

‘ಇವತ್ತು ಆಡಬ್ಯಾಡ ಪರಮೇಶಿ. ಆಡಿದ್ರೆ ಪೂರ್ತಿ ಹೋಗುತ್ತೆ. ಎರಡು ತಿಂಗಳು ಸುಮ್ನಿದ್ರೆ ನಾನು ಸರಿ ಮಾಡ್ತೀನಿ.’

‘ಇವತ್ತು ಕೂತ್ರೆ ನನ್ನ ಜಾಗಕ್ಕೆ ಇನ್ನೊಬ್ಬ ಬರ್ತಾನೆ ಓಬಣ್ಣ. ಮತ್ತೆ ಕರೆಯಲ್ಲ ಇವರು. ನಿಂಗೆ ಗೊತ್ತಲ್ಲ.’

‘ಕಾಲಿದ್ರೆ ತಾನೆ ಜಾಗ.’

‘ಬಿಗಿಯಾಗಿ ಕಟ್ಟು. ಯಾರಿಗೂ ಹೇಳಬ್ಯಾಡ. ನಿನ್ನ ಕಾಲಿಗೆ ಬೀಳ್ತೀನಿ’ ಎಂದು ನಿಜವಾಗಿಯೂ ಬಗ್ಗಿದ. ಓಬಣ್ಣ ಅವನ ಭುಜ ಹಿಡಿದು ತಡೆದ.

ಕಟ್ಟಿದ. ಬಾವು ಕಾಣದಂತೆ, ಮೇಲೆ ಕಾಲುಚೀಲ ಎಳೆದರೆ ಗೊತ್ತಾಗದಂತೆ ಕಟ್ಟಿದ. ಮಧ್ಯಾಹ್ನ ಕೋಚ್ ಬಂದು ಕೇಳಿದಾಗ, ‘ಎಲ್ಲರ ಕಾಲೂ ಸರಿ ಅವೆ’ ಎಂದ.

ಆಟದ ಎರಡನೆಯ ಅರ್ಧದಲ್ಲಿ ಪರಮೇಶ್ವರಪ್ಪ ಚೆಂಡಿನೊಂದಿಗೆ ಎಡಕ್ಕೆ ಹೊರಳಿದ. ಎದುರಾಳಿ ಯಾರೂ ಮುಟ್ಟಲಿಲ್ಲ. ತಾನಾಗಿಯೇ ಕುಸಿದ. ಅವನನ್ನು ಹೊತ್ತು ತಂದು ಗೆರೆಯ ಹೊರಗೆ ಮಲಗಿಸಿದಾಗ ಓಬಣ್ಣ ಮಂಡಿ ಮುಟ್ಟಲು ಕೈ ಚಾಚಿ ಹಿಂದಕ್ಕೆ ತೆಗೆದ. ಮುಟ್ಟುವ ಅಗತ್ಯವಿರಲಿಲ್ಲ. ತಂಡ ಸೋತು ಬರಿಗೈಲಿ ಬಂತು. ಬೆಂಗಳೂರಿಗೆ ಬಂದಿಳಿದ ಮರುದಿನ ಓಬಣ್ಣ ತನ್ನ ಎಣ್ಣೆ ಬಾಟಲಿ, ಎರಡು ಟವಲು ಗಂಟುಕಟ್ಟಿಕೊಂಡು ಊರಿಗೆ ಹೊರಟುಬಿಟ್ಟ. ಯಾಕೆಂದು ಕೇಳಿದವರಿಗೆ ವಯಸ್ಸಾಯಿತು ಎಂದ.

ಊರಲ್ಲಿ ಅಣ್ಣನ ಕುರಿಗಳ ಹಿಂದೆ ಓಡಾಡಿಕೊಂಡಿದ್ದ. ಆಗಾಗ ದುರ್ಗಕ್ಕೆ ಹೋದಾಗ ಹೋಟೆಲಿನಲ್ಲಿ ಯಾರನ್ನಾದರೂ ಹಿಡಿದು ಪೇಪರಿನ ಆಟದ ಪುಟ ಓದಿಸುತ್ತಿದ್ದ. ಎಪ್ಪತ್ತಾರರಲ್ಲಿ ಕರ್ನಾಟಕ ಮತ್ತೆ ಫೈನಲ್ ತಲುಪಿ ಬಂಗಾಳದವರ ಕೈಯಲ್ಲಿ ಸೋತ ಸುದ್ದಿ ಹಾಗೆಯೇ ತಿಳಿಯಿತು. ‘ಎಡಗಡೆ ಯಾರು ಆಡಿದ್ರು ಬರೆದಾರಾ?’ ಎಂದು ಕೇಳಿದ. ಓದಿದವನು ಯಾವುದೋ ಗೊತ್ತಿಲ್ಲದ ಹೆಸರು ಹೇಳಿದ. ಅವತ್ತಿಂದ ಓಬಣ್ಣನಿಗೆ ಕುಂತಲ್ಲಿ ಕೂರಲಾಗಲಿಲ್ಲ. ಒಂದು ಸೋಮವಾರ ಬೆಳಿಗ್ಗೆ ಹೊಸದುರ್ಗದ ಬಸ್ಸು ಹತ್ತಿದ. ಹೊಳಲ್ಕೆರೆಯಲ್ಲಿ ಇಳಿದು ವಾಪಸು ಹೋಗಿಬಿಡೋಣ ಅನ್ನಿಸಿತು. ಬಸ್ಸು ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಹೊಸದುರ್ಗದ ಬಸ್‌ಸ್ಟ್ಯಾಂಡಿನ ಎದುರಿನ ಟೀ ಅಂಗಡಿ ಮೂರ್ತಪ್ಪನದು. ಫುಟ್ಬಾಲ್ ಆಡ್ತಿದ್ದ ಪರಮೇಶ್ವರಪ್ಪನ ಮನೆ ಎಲ್ಲಿ ಎಂದು ಓಬಣ್ಣ ಅಲ್ಲಿ ಕೇಳಿದ.

‘ಕುಂಟ ಪರಮೇಶಪ್ಪನಾ? ಕೊಬ್ಬರಿ ಮಂಡಿ ಹಿಂದಿನ ಬೀದಿ’ ಎಂದ ಮೂರ್ತಪ್ಪ, ಲೋಟ ತೊಳೆಯುತ್ತ. ‘ಪಾಪ, ಎಂಥ ಆಟಗಾರ ಅಂತೀರಿ. ಹಾಳಾಗ್ಹೋದ. ಆ ಟೀಮಿನಾಗೆ ಒಬ್ಬ ಮಾಲೀಸಿನೋನಿದ್ನಂತೆ, ಓಬಣ್ಣ ಅಂತ. ಮ್ಯಾಚಿನ ದಿನ ಕುಡಿದು ಬಂದು ಚೆನ್ನಾಗಿದ್ದ ಮಂಡಿ ತಿರುಚಿಬಿಟ್ನಂತೆ. ಅವನ ಕೈ ಸೇದಿಹೋಗ.’

ಓಬಣ್ಣ ಜೀವಮಾನದಲ್ಲಿ ಕುಡಿದವನಲ್ಲ. ಟೀ ಲೋಟ ಕೈಯಲ್ಲಿ ಹಿಡಿದೇ ಕುಳಿತಿದ್ದ. ‘ಯಾರು ಹೇಳಿದ್ದು?’ ಎಂದು ಕೊನೆಗೆ ಕೇಳಿದ.

‘ಇನ್ಯಾರು, ಅವನೇ. ಊರಿಗೆಲ್ಲ ಗೊತ್ತು.’

ಹಿಂದಿರುಗುವ ಬಸ್ಸು ಎದುರಿಗೇ ನಿಂತಿತ್ತು. ಓಬಣ್ಣ ಅದರ ಕಡೆ ನೋಡಿದ. ಆದರೂ ಅವನ ಕಾಲು ಕೊಬ್ಬರಿ ಮಂಡಿಯ ಹಿಂದಿನ ಬೀದಿಗೇ ಹೋಯಿತು. ತಪ್ಪು ಒಪ್ಪಿಕೊಳ್ಳಲು ಬಂದಿದ್ದವನು. ಈಗ ಯಾವ ತಪ್ಪನ್ನು ಒಪ್ಪಿಕೊಳ್ಳಬೇಕೆಂದು ತಿಳಿಯದೆ ಆ ಮನೆಯ ಬಾಗಿಲ ಮುಂದೆ ನಿಂತ.

ಪರಮೇಶ್ವರಪ್ಪನ ತಾಯಿ ಮರುಳಸಿದ್ದಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಹಣೆಯ ಮೇಲೆ ವಿಭೂತಿಯಿತ್ತು, ಕುಂಕುಮವಿರಲಿಲ್ಲ. ಮಗನನ್ನು ಕಾಣಲು ಬಂದವರೆಂದು ತಿಳಿದು, ‘ಬರ್ರಿ, ಕುಂತ್ಕಳ್ರಿ’ ಎಂದು ಚಾಪೆ ಹಾಸಿದರು. ಅಷ್ಟರಲ್ಲಿ ಒಳಗಿಂದ ಹೆಜ್ಜೆಯ ಸದ್ದು ಬಂತು. ಒಂದು ಹೆಜ್ಜೆ ಗಟ್ಟಿ, ಒಂದು ಎಳೆದದ್ದು. ಪರಮೇಶ್ವರಪ್ಪ ಬಾಗಿಲಿಗೆ ಬಂದವನು ಚೌಕಟ್ಟು ಹಿಡಿದು ನಿಂತುಬಿಟ್ಟ. ಇಪ್ಪತ್ತಾರರ ಹುಡುಗನ ಮುಖಕ್ಕೆ ನಲವತ್ತರ ಕಳೆ ಬಂದಿತ್ತು.

‘ಯಾರಪ್ಪ ಇವರು?’ ಎಂದರು ತಾಯಿ.

ಪರಮೇಶ್ವರಪ್ಪ ತಾಯಿಯನ್ನೊಮ್ಮೆ, ಓಬಣ್ಣನನ್ನೊಮ್ಮೆ ನೋಡಿದ. ಓಬಣ್ಣ ಆ ಮುಖ ನೋಡಿದ. ಬೆಂಚಿನ ಮೇಲೆ ನೂರು ಸಲ ನೋಡಿದ ಮುಖ. ನೋವಿಗೆ ಮೊದಲು ಹೀಗೇ ಬಿಳಿಚಿಕೊಳ್ಳುತ್ತಿತ್ತು.

‘ಬೆಂಗಳೂರಾಗೆ ಗ್ರೌಂಡಿನ ಮಾಲಿ ಆಗಿದ್ದೆ ಕಣಮ್ಮ. ಮೂಡಲಗಿರಿಯಪ್ಪ ಅಂತ. ಈ ಕಡೆ ಬಂದಿದ್ದೆ, ನೋಡ್ಕಂಡು ಹೋಗಾಣ ಅಂತ.’

ಆ ತಾಯಿ ಊಟ ಮಾಡದೆ ಹೋಗಬಾರದೆಂದರು. ರಾಗಿಮುದ್ದೆ, ಅವರೆಕಾಳಿನ ಸಾರು ಬಡಿಸಿದರು. ಪರಮೇಶ್ವರಪ್ಪ ಪಕ್ಕದಲ್ಲಿ ಕಾಲು ಚಾಚಿ ಕುಳಿತಿದ್ದ. ಆ ಮಂಡಿ ಮಡಿಚುತ್ತಿರಲಿಲ್ಲ. ಮರುಳಸಿದ್ದಮ್ಮ ಎದುರಿಗೆ ಕುಳಿತು, ಬಹಳ ದಿನದಿಂದ ಕೇಳಲು ಜನ ಸಿಗದೆ ಇಟ್ಟುಕೊಂಡಿದ್ದ ಮಾತನ್ನು ತೆಗೆದರು.

‘ಅಲ್ಲೇ ಇದ್ದೋರು ನೀವು. ಆ ಓಬಣ್ಣ ಅನ್ನೋನನ್ನ ನೋಡಿರಬೇಕು. ಏನು ದ್ವೇಷ ಇತ್ತಪ್ಪ ಅವನಿಗೆ ನನ್ನ ಮಗನ ಮ್ಯಾಲೆ? ಇದೇ ಕೊರಗಲ್ಲಿ ನಮ್ಮ ಯಜಮಾನ್ರು ಹೋದ್ರು. ನಾನು ದಿನಾ ದೀಪ ಹಚ್ಚುವಾಗ ಅವನಿಗೆ ಶಾಪ ಹಾಕ್ತೀನಿ. ಬದುಕ್ಯವ್ನಾ ಅವನು?’

ಪರಮೇಶ್ವರಪ್ಪ ತಲೆ ತಗ್ಗಿಸಿದ. ಓಬಣ್ಣ ಬಾಯಲ್ಲಿದ್ದ ತುತ್ತು ನುಂಗಿದ.

‘ಸತ್ತೋದ ಕಣಮ್ಮ. ಹೋದ ವರ್ಷ.’

ಮರುಳಸಿದ್ದಮ್ಮ ಸೆರಗಿನ ತುದಿ ಬಾಯಿಗಿಟ್ಟುಕೊಂಡರು. ಆಮೇಲೆ ಮೆಲ್ಲಗೆ, ‘ಹೆಂಡ್ತಿ ಮಕ್ಕಳು?’ ಎಂದರು.

‘ಹೆಂಡ್ತಿ ಮೊದ್ಲೇ ಹೋಗಿದ್ಲು. ಒಬ್ಳು ಮಗಳವ್ಳೆ. ಹಿರಿಯೂರಿಗೆ ಕೊಟ್ಟೈತೆ.’

‘ತಾಯಿ ಇಲ್ದ ಮಗು. ಅಪ್ಪನ್ನೂ ಕಳ್ಕಂಡ್ತಾ. ನನ್ನ ಬಾಯಿ ಎಂಥದ್ದು ನೋಡಪ್ಪ. ಸಾಯ್ಲಿ ಅಂತ ನಾನೇನು ಅಂದಿರಲಿಲ್ಲ, ಕೈ ಬಿದ್ದೋಗ್ಲಿ ಅಂತಿದ್ದೆ ಅಷ್ಟೇ.’ ಕಣ್ಣೊರೆಸಿಕೊಂಡು ಎದ್ದು ಒಳಗೆ ಹೋದರು. ಬರುವಾಗ ಒಂದು ಚೀಲದಲ್ಲಿ ಐದು ತೆಂಗಿನಕಾಯಿ, ಮೇಲೆ ಒಂದು ರವಿಕೆ ಕಣ. ‘ಹಿರಿಯೂರ ಕಡೆ ಹೋದ್ರೆ ಆ ಮಗೀಗೆ ಇದು ಕೊಡ್ರಿ. ಯಾರು ಕೊಟ್ರು ಅಂತ ಹೇಳಬ್ಯಾಡ್ರಿ. ಮನಸಾಗೆ ಏನೂ ಇಟ್ಕಬ್ಯಾಡ ಅನ್ರಿ.’

ಓಬಣ್ಣ ಎರಡೂ ಕೈಯಲ್ಲಿ ಚೀಲ ತೆಗೆದುಕೊಂಡ.

ಪರಮೇಶ್ವರಪ್ಪ ಬಸ್‌ಸ್ಟ್ಯಾಂಡಿನವರೆಗೆ ಬಂದ. ದಾರಿಯುದ್ದಕ್ಕೂ ಓಬಣ್ಣ ಅವನ ನಡಿಗೆಗೆ ತಕ್ಕಂತೆ ನಿಧಾನವಾಗಿ ನಡೆದ. ಬಸ್ಸು ಕಾಣಿಸಿದ ಮೇಲೆ ಪರಮೇಶ್ವರಪ್ಪ ಬಾಯಿ ಬಿಟ್ಟ.

‘ಆಸ್ಪತ್ರೆಯಿಂದ ಬಂದಾಗ ಅಪ್ಪ ಕೇಳಿದ್ರು. ನೋವಿತ್ತು ಅಂದ್ರೆ ಯಾಕಾಡ್ದೆ ಅಂತ. ನಾನೇ ಹಟ ಮಾಡ್ದೆ ಅನ್ನಾಕೆ ಬಾಯಿ ಬರಲಿಲ್ಲ. ಒಂದ್ಸಲ ನಿನ್ನ ಹೆಸರು ಹೇಳಿಬಿಟ್ಟೆ. ಆಮೇಲೆ ಅದು ನನ್ನ ಕೈ ಮೀರಿ ಹೋಯ್ತು. ಕುಡಿದಿದ್ದ ಅಂತ ನಾನು ಹೇಳಿರಲಿಲ್ಲ ಓಬಣ್ಣ. ಅದು ಜನ ಸೇರಿಸಿದ್ದು.’

‘ಕೋಚ್ ಕೇಳ್ದಾಗ ನಾನೂ ಸುಳ್ಳೇ ಹೇಳಿದ್ದು. ಅದನ್ನ ಹೇಳಾಕೇ ಬಂದಿದ್ದೆ’ ಎಂದ ಓಬಣ್ಣ. ‘ನೀನು ಹುಡುಗ. ನಂಗೆ ತಿಳೀಬೇಕಿತ್ತು.’

‘ಅಮ್ಮಗೆ ನಿಜ ಹೇಳ್ತೀನಿ.’

‘ಬ್ಯಾಡ. ಈಗ ಹೇಳಿದ್ರೆ ಆ ತಾಯಿ ಎರಡು ಸಲ ಸಾಯ್ತಾಳೆ. ಹೆಂಗೂ ನಾನು ಹೋದೆನಲ್ಲ, ಇರ್ಲಿ ಬಿಡು.’

ಪರಮೇಶ್ವರಪ್ಪ ಅವನ ಕೈ ಹಿಡಿದುಕೊಂಡ. ಕಂಡಕ್ಟರು ಸೀಟಿ ಊದುವವರೆಗೆ ಬಿಡಲಿಲ್ಲ.

ಓಬಣ್ಣ ಊರಿಗೆ ಹೋಗದೆ ಸೀದಾ ಹಿರಿಯೂರಿಗೆ ಹೋದ. ತಲುಪಿದಾಗ ಸಂಜೆ ಐದರ ಬಿಸಿಲಿತ್ತು. ಕಾಳಕ್ಕ ಬಾಗಿಲಲ್ಲಿ ರಾಗಿ ಕೇರುತ್ತಿದ್ದಳು. ಅಪ್ಪ ಹಬ್ಬಕ್ಕೂ ಬರುವವನಲ್ಲ. ಚೀಲ ನೋಡಿ, ‘ಯಾರು ಕೊಟ್ರು?’ ಎಂದಳು.

ಮೊದಲು ಸುಳ್ಳು ಹೇಳಬೇಕೆಂದಿದ್ದ. ಮಗಳ ಮುಂದೆ ಆಗಲಿಲ್ಲ. ಮಂಡಿ ಕಟ್ಟಿದ್ದರಿಂದ ಹಿಡಿದು ಆ ತಾಯಿಯ ಮಾತಿನವರೆಗೆ ಎಲ್ಲವನ್ನೂ ಹೇಳಿದ. ಕಾಳಕ್ಕ ಮೊರ ಕೆಳಗಿಟ್ಟಳು.

‘ಸತ್ತೋದ ಅಂತ ನಿನ್ನ ಬಾಯಲ್ಲೇ ಅಂದ್ಯಾ?’

‘ಅಂದೆ ಕಣವ್ವ.’

‘ಆ ಟೀಮಿಗೋಸ್ಕರ ಅವ್ವನ ಮುಖ ನೋಡಲಿಲ್ಲ. ಈಗ ಅದಕ್ಕೋಸ್ಕರ ನೀನೂ ಸತ್ತೆ. ನನಗೇನು ಉಳಿಸ್ದೆ ಅಪ್ಪ?’

ಅವಳು ಜೋರಾಗಿ ಅಳಲಿಲ್ಲ, ಕಣ್ಣಿಂದ ನೀರು ಮಾತ್ರ ಇಳಿಯಿತು. ಸತ್ತವರ ಮನೆಗೆಂದು ಕೊಟ್ಟ ಕಾಯಿಯನ್ನು ಹೊಸಿಲೊಳಗೆ ತರಬೇಡವೆಂದಳು. ಆದರೆ ರವಿಕೆ ಕಣವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ‘ಒಳ್ಳೆ ಹೆಂಗಸು ಇರ್ಬೇಕು ಆಯಮ್ಮ’ ಎಂದು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕಾಯಿಗಳನ್ನು ತೇರುಮಲ್ಲೇಶ್ವರನ ಗುಡಿಗೆ ಕೊಟ್ಟುಬರಲು ಪಕ್ಕದ ಮನೆಯ ವೀರಮ್ಮನ ಕೈಲಿ ಕಳಿಸಿದಳು.

ಆಮೇಲೆ ಹಿತ್ತಲಲ್ಲಿ ಒಲೆ ಹಚ್ಚಿ ನೀರು ಕಾಯಿಸಿದಳು. ಅಪ್ಪನನ್ನು ಕಲ್ಲಿನ ಮೇಲೆ ಕೂರಿಸಿ, ಸಾವಿನ ಮನೆಯಿಂದ ಬಂದವರಿಗೆ ಮಾಡುವಂತೆ, ತಲೆಯ ಮೇಲಿಂದ ಬಿಂದಿಗೆ ಬಿಂದಿಗೆ ನೀರು ಹೊಯ್ದಳು. ಗಂಡನ ಒಗೆದ ಪಂಚೆ ಉಡಲು ಕೊಟ್ಟು ಒಳಗೆ ಕರೆದು ತಟ್ಟೆ ಇಟ್ಟಳು.

ಓಬಣ್ಣನಿಗೆ ಹಸಿವಿರಲಿಲ್ಲ. ಆದರೂ ಮಗಳು ಎದುರಿಗೆ ಕುಳಿತು ನೋಡುತ್ತಿದ್ದಳಾದ್ದರಿಂದ, ಒಂದೊಂದೇ ತುತ್ತು ಮುರಿದು, ತಟ್ಟೆ ಖಾಲಿಯಾಗುವವರೆಗೂ ಉಂಡ.