ಐವತ್ತೆರಡರಲ್ಲಿ ಹತ್ತು, ಆಮೇಲೆ ಆರು

ಅತ್ತಿಗೆಗೆ ನಲವತ್ತೇಳು, ನಾದಿನಿಗೆ ನಲವತ್ತೊಂದು. ಒಂದೇ ಕಟ್ಟಡದಲ್ಲಿ ಒಬ್ಬಳು ಮೇಲೆ, ಒಬ್ಬಳು ಕೆಳಗೆ. ಹದಿನೆಂಟು ವರ್ಷದಲ್ಲಿ ಇಬ್ಬರೂ ಮುಖ ಊದಿಸಿಕೊಂಡದ್ದು ಎರಡೋ ಮೂರೋ ಸಲ, ಅದೂ ನೀರಿನ ಟ್ಯಾಂಕಿನ ವಿಷಯಕ್ಕೆ. ನಾದಿನಿಯನ್ನು ಮನೆಯವರೆಲ್ಲ ಪುಟ್ಟಿ ಎಂದೇ ಕರೆಯುತ್ತಿದ್ದರು. ಬಾಗಿಲ ಚೌಕಟ್ಟಿಗೆ ತಲೆ ತಗಲುವಷ್ಟು ಎತ್ತರದ ಹೆಂಗಸಿಗೆ ಆ ಹೆಸರು ಹೇಗೆ ಅಂಟಿಕೊಂಡಿತೋ, ಅಂಟಿಕೊಂಡದ್ದು ಬಿಡಲಿಲ್ಲ.

ಕೆಳಗಿನ ಮನೆಯ ಮುಂದಿನ ಕೋಣೆಯೇ ಪುಟ್ಟಿಯ ಕಾರ್ಖಾನೆ. ಕಿಟಕಿಯ ಉದ್ದಕ್ಕೂ ಹೆಣಿಗೆ ಯಂತ್ರ, ಪಕ್ಕದಲ್ಲಿ ಹಳೆಯ ಕಂಪ್ಯೂಟರ್, ಗೋಡೆಯ ಗೂಡುಗಳಲ್ಲಿ ಉಣ್ಣೆಯ ಉಂಡೆಗಳು, ಸದಾ ಒಂದು ಇಸ್ತ್ರಿಯ ಬೆಚ್ಚನೆಯ ವಾಸನೆ. ಎಷ್ಟು ಕುಣಿಕೆ ಹಾಕಬೇಕು, ಎಲ್ಲಿ ಕಮ್ಮಿ ಮಾಡಬೇಕು ಎಂಬುದನ್ನೆಲ್ಲ ಅವಳು ತನ್ನದೇ ಚುಟುಕು ಬರಹದಲ್ಲಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಆ ಬರಹವನ್ನೇ ಕಂಪ್ಯೂಟರ್ ಓದಿ ಯಂತ್ರವನ್ನು ನಡೆಸುವಂತೆ ಮಾಡಿಕೊಟ್ಟವಳು ಅತ್ತಿಗೆ.

ಅತ್ತಿಗೆಯ ಕಸುಬೇ ಅದು. ಅಂಚೆ ಕಚೇರಿಯ ಮೇಲಿನ ಮಹಡಿಯಲ್ಲಿ ಐದು ಮೇಜುಗಳ ಒಂದು ಆಫೀಸು, ಅಲ್ಲಿ ಅವಳು ಹನ್ನೊಂದು ವರ್ಷದಿಂದ ಪಾರ್ಸರ್ ಲೈಬ್ರರಿ ಎಂಬ ಸಾಫ್ಟ್‌ವೇರೊಂದನ್ನು ನೋಡಿಕೊಳ್ಳುತ್ತಿದ್ದಳು. ಯಾರಾದರೂ ಬರೆದದ್ದನ್ನು ಕಂಪ್ಯೂಟರ್ ಅರ್ಥ ಮಾಡಿಕೊಳ್ಳಬೇಕಾದರೆ, ಅದರಲ್ಲಿ ಯಾವುದು ಯಾವುದರ ಜೊತೆ ಸೇರುತ್ತದೆ ಎಂದು ಮೊದಲು ಬಿಡಿಸಿ ನೋಡಬೇಕು. ಬಿಡಿಸುವ ಕೆಲಸ ಪಾರ್ಸರಿನದು. ಹೇಗೆ ಬಿಡಿಸಬೇಕೆಂದು ಅದಕ್ಕೆ ಹೇಳುವುದು ವ್ಯಾಕರಣದ ನಿಯಮಗಳು. ನಿಯಮಗಳನ್ನು ಬರೆದು ಕೊಟ್ಟರೆ ಸಾಕು, ಅತ್ತಿಗೆಯ ಲೈಬ್ರರಿ ಅವನ್ನು ಒಳಗಿಟ್ಟುಕೊಂಡು, ತನಗೆ ಬೇಕಾದ ಹಾಗೆ ತಿದ್ದಿ, ಪಾರ್ಸರ್ ಸಿದ್ಧ ಮಾಡುತ್ತಿತ್ತು. ಎಲ್ಲೆಲ್ಲಿಯೋ ಇರುವ ಇನ್ನೂರು ಮುನ್ನೂರು ಜನ ಅದನ್ನು ಬಳಸುತ್ತಿದ್ದರು. ಅವರಲ್ಲಿ ಹೆಣಿಗೆಯವಳು ಪುಟ್ಟಿ ಒಬ್ಬಳೇ.

ಪುಟ್ಟಿ ನಿಯಮ ಬರೆಯುವುದನ್ನು ಬೇಗ ಕಲಿತಳು. ಎರಡೇ ಭಾನುವಾರ ಪಕ್ಕದಲ್ಲಿ ಕೂತು ಹೇಳಿಕೊಟ್ಟದ್ದಕ್ಕೆ, ಮೂರನೆಯ ಭಾನುವಾರ ತಾನೇ ಟೋಪಿಯ ನಿಯಮಗಳನ್ನು ಬರೆದು ತೋರಿಸಿದ್ದಳು. ಆದರೆ ಒಂದು ಕಡೆ ಮಾತ್ರ ಪಾರ್ಸರ್ ಪಟ್ಟು ಹಿಡಿದಿತ್ತು. ಲೆಕ್ಕ ಎಂದರೆ ಏನು ಎಂಬುದಕ್ಕೆ ಅವಳು ಹೀಗೆ ಬರೆದಿದ್ದಳು: ಲೆಕ್ಕ ಎಂದರೆ ಒಂದು ಸಂಖ್ಯೆ, ಇಲ್ಲವೇ ಒಂದು ಲೆಕ್ಕ ಮತ್ತು ಅದರಿಂದ ಕಳೆಯಬೇಕಾದ ಇನ್ನೊಂದು ಸಂಖ್ಯೆ. ಓದುವ ಮನುಷ್ಯನಿಗೆ ಇದು ನೀರು ಕುಡಿದಷ್ಟು ಸುಲಭ. ಪಾರ್ಸರಿಗೆ ಹಾಗಲ್ಲ. ಲೆಕ್ಕವನ್ನು ಹುಡುಕಲು ಹೊರಟರೆ ಮೊದಲು ಸಿಗುವುದೇ ಲೆಕ್ಕ, ಅದನ್ನು ಹುಡುಕಲು ಹೊರಟರೆ ಮತ್ತೆ ಲೆಕ್ಕ. ಹೀಗೆ ಒಂದು ಅಕ್ಷರವನ್ನೂ ಓದದೆ ಒಳಗೊಳಗೇ ಇಳಿದು ಕೊನೆಗೆ ಕಂಪ್ಯೂಟರ್ ಕೈಚೆಲ್ಲಿ ನಿಲ್ಲುತ್ತಿತ್ತು.

"ಅತ್ತಿಗೆ, ಪ್ರತಿ ಸಲ ಪೇಪರ್ ಮೇಲೆ ಕಳೆದು ಉತ್ತರ ಬರೀಬೇಕು ನಾನು. ನಾನು ಬರೆಯೋ ಹಾಗೇ ಬರೆದ್ರೆ ಅದು ಓದೋ ಹಾಗೆ ಮಾಡಕ್ಕಾಗಲ್ವಾ?" ಎಂದು ಪುಟ್ಟಿ ಕೇಳಿದಳು.

ಅದೇ ದೂರನ್ನು ಇನ್ನೂ ಹತ್ತಾರು ಜನ ಬರೆದಿದ್ದರು. ಅತ್ತಿಗೆ ಮೂರು ವಾರ ಕೂತು ಮಾಡಿದಳು. ಇಂಥ ನಿಯಮ ಕಂಡರೆ ಲೈಬ್ರರಿಯೇ ಅದನ್ನು ಮುರಿದು ಎರಡು ಹೊಸ ನಿಯಮ ಮಾಡಿಕೊಳ್ಳುತ್ತಿತ್ತು: ಲೆಕ್ಕ ಎಂದರೆ ಮೊದಲೊಂದು ಸಂಖ್ಯೆ, ಆಮೇಲೊಂದು ಬಾಲ. ಬಾಲ ಎಂದರೆ ಕಳೆಯುವ ಗುರುತು, ಒಂದು ಸಂಖ್ಯೆ, ಮತ್ತೆ ಬಾಲ. ಇಲ್ಲವೇ ಏನೂ ಇಲ್ಲ. ಈಗ ಪಾರ್ಸರ್ ಸುತ್ತದೆ ಮುಂದೆ ಹೋಗುತ್ತಿತ್ತು. ಪರೀಕ್ಷೆಗೆಂದು ಹತ್ತು ಕೂಡಿಸು ಐದು ಕೂಡಿಸು ಎರಡು ಎಂದು ಕೊಟ್ಟಳು, ಹದಿನೇಳು ಬಂತು. ಒಂಬತ್ತರಲ್ಲಿ ನಾಲ್ಕು ಕಳೆ ಎಂದಳು, ಐದು ಬಂತು. ಮನಸ್ಸು ಹಗುರವಾಯಿತು. ಹೊಸ ಆವೃತ್ತಿಯನ್ನು ಪುಟ್ಟಿಯ ಕಂಪ್ಯೂಟರಿಗೂ ಹಾಕಿ ಬಂದಳು.

ಅದಾದ ನಾಲ್ಕನೆಯ ದಿನ ಪುಟ್ಟಿ ಮೆಟ್ಟಿಲ ಮೇಲೆ ಸಿಕ್ಕಿ ಹೇಳಿದಳು, "ಅತ್ತಿಗೆ, ಒಂದು ಕಡೆ ತಪ್ಪು ಬರೆದೆ, ಅದಕ್ಕೆ 'ಲೆಕ್ಕ ಬಾಲ ಒಂದರಲ್ಲಿ ದೋಷ' ಅಂತು. ನಾನು ಬಾಲ ಅಂತ ಎಲ್ಲೂ ಬರೆದೇ ಇಲ್ಲ."

"ಅದು ಒಳಗಿನ ಹೆಸರು. ನೀನು ತಲೆ ಕೆಡಿಸ್ಕೋಬೇಡ," ಎಂದಳು ಅತ್ತಿಗೆ. ಬಸ್ಸಿಗೆ ಹೊತ್ತಾಗಿತ್ತು.

ಪುಟ್ಟಿ ತಲೆ ಕೆಡಿಸಿಕೊಳ್ಳಲಿಲ್ಲ. ಅವಳ ಕೈಯಲ್ಲಿ ಆಗ ದೊಡ್ಡ ಕೆಲಸವಿತ್ತು. ಊರಾಚೆಯ ಶೀತಲಗೃಹದಲ್ಲಿ ಆಲೂಗಡ್ಡೆ, ಸೇಬಿನ ಪೆಟ್ಟಿಗೆ ಹೊರುವವರಿಗೆ ಇಪ್ಪತ್ತನಾಲ್ಕು ಸ್ವೆಟರ್. ಎಲ್ಲ ಒಂದೇ ಅಳತೆ, ದಪ್ಪ ಉಣ್ಣೆ, ಕತ್ತು ಬಿಗಿ. ಮಾದರಿಗೆಂದು ಮೊದಲೇ, ಪೇಪರ್ ಮೇಲೆ ಲೆಕ್ಕ ಹಾಕಿ, ಹೆಣೆದು ಕೊಟ್ಟಿದ್ದ ಒಂದು ಸ್ವೆಟರ್ ಅಲ್ಲಿನ ಮೇಲ್ವಿಚಾರಕರಿಗೆ ತುಂಬ ಹಿಡಿಸಿತ್ತು. ಉಳಿದದ್ದನ್ನು ಅವಳು ಹೊಸ ಆವೃತ್ತಿಯಲ್ಲಿ, ತನಗೆ ಇಷ್ಟವಾದ ಹಾಗೆ ಲೆಕ್ಕ ಬರೆದು ಹೆಣೆದಳು. ಕತ್ತಿಗೆ ಐವತ್ತೆರಡು ಕುಣಿಕೆ, ದಪ್ಪ ಉಣ್ಣೆ ಅಂತ ಅದರಲ್ಲಿ ಹತ್ತು ಕಳೆ, ಬಿಗಿ ಇರಲಿ ಅಂತ ಇನ್ನೂ ಆರು ಕಳೆ. ಹನ್ನೆರಡು ದಿನದಲ್ಲಿ ಮುಗಿಸಿ, ಆಟೋದಲ್ಲಿ ಹೇರಿಕೊಂಡು ಹೋಗಿ ಒಪ್ಪಿಸಿ ಬಂದಳು.

ಮೂರನೆಯ ದಿನಕ್ಕೆ ಮೂಟೆ ವಾಪಸು ಬಂತು. ಮೂಟೆಯ ಜೊತೆ ಮೇಲ್ವಿಚಾರಕರೇ ಬಂದಿದ್ದರು. ಒಳ್ಳೆಯ ಮನುಷ್ಯ. ಒಂದು ಸ್ವೆಟರನ್ನು ತಾವೇ ತೊಟ್ಟುಕೊಂಡು ತೋರಿಸಿದರು. ಕತ್ತು ಹೆಗಲವರೆಗೆ ಬಾಯಿ ತೆರೆದುಕೊಂಡಿತ್ತು.

"ಒಳಗೆ ಎರಡು ಡಿಗ್ರಿ ಇರುತ್ತೆ ನೋಡಿ. ಗಾಳಿ ಸೀದಾ ಎದೆಗೇ ಇಳಿಯುತ್ತೆ," ಎಂದರು ಅವರು. "ಮೊದಲು ಕೊಟ್ಟಿದ್ರಲ್ಲ, ಅದು ಹೇಗಿತ್ತೋ ಹಾಗೇ ಬೇಕು ನಮಗೆ."

ಭಾನುವಾರ ಬೆಳಗಿನ ಕಾಫಿಗೆ ಪುಟ್ಟಿ ಮೇಲೆ ಬಂದಾಗ ಮುಖ ಸಪ್ಪಗಿತ್ತು. ನಡೆದದ್ದನ್ನು ಹೇಳಿದಳು. ಪೇಪರ್ ಓದುತ್ತಿದ್ದ ಅವಳ ಅಣ್ಣ, ಎಂದರೆ ಅತ್ತಿಗೆಯ ಗಂಡ, ತಲೆ ಎತ್ತದೆ ನಕ್ಕ.

"ನೀನು ಏಳನೇ ಕ್ಲಾಸಲ್ಲೇ ಕಳೆಯೋ ಲೆಕ್ಕಕ್ಕೆ ಕೈ ಎತ್ತಿದೋಳಲ್ವಾ ಪುಟ್ಟಿ. ಅಪ್ಪ ಹೇಳ್ತಾನೇ ಇದ್ರು, ಇವಳಿಗೆ ಬೆರಳು ಸಾಲಲ್ಲ ಅಂತ."

"ಹೂಂ ಅಣ್ಣ, ನಾನೇ ಎಲ್ಲೋ ತಪ್ಪಿದ್ದೀನಿ," ಎಂದಳು ಪುಟ್ಟಿ, ತಾನೂ ನಕ್ಕು. "ಕಾಲರ್ ಕೂಡಿಸುವಾಗ್ಲೇ ಯಾಕೋ ಸಡಿಲ ಅನ್ನಿಸ್ತು. ಹೊಸ ಉಣ್ಣೆ ಅಲ್ವಾ, ಇಸ್ತ್ರಿ ಆವಿ ಕೊಟ್ರೆ ಕೂರುತ್ತೆ ಅಂದ್ಕೊಂಡೆ."

ಅತ್ತಿಗೆ ಕಾಫಿ ಲೋಟ ಕೆಳಗಿಟ್ಟಳು. "ಕತ್ತಿಗೆ ಏನಂತ ಬರೆದಿದ್ದೆ?"

"ಐವತ್ತೆರಡರಲ್ಲಿ ಹತ್ತು, ಆಮೇಲೆ ಆರು."

ಅತ್ತಿಗೆ ಅದನ್ನು ಪೇಪರಿನ ಅಂಚಿನಲ್ಲಿ ಬರೆದುಕೊಂಡಳು. ಸೋಮವಾರ ಆಫೀಸಿಗೆ ಹೋದವಳು ಚೀಲವನ್ನೂ ಇಳಿಸದೆ ಆ ಮೂರು ಸಂಖ್ಯೆಗಳನ್ನು ಒತ್ತಿದಳು. ಮೂವತ್ತಾರು ಬರಬೇಕಾದಲ್ಲಿ ನಲವತ್ತೆಂಟು ಬಂತು.

ಎಲ್ಲಿ ಎಡವಿದ್ದೆಂದು ಹುಡುಕಬೇಕಾಗಿರಲಿಲ್ಲ. ಬಾಲದೊಳಗೆ ಬಾಲ ಕೂತಿತ್ತು. ಪಾರ್ಸರ್ ಮೊದಲು ಹತ್ತರಲ್ಲಿ ಆರು ಕಳೆದು ನಾಲ್ಕು ಮಾಡಿಕೊಂಡು, ಆ ನಾಲ್ಕನ್ನು ಐವತ್ತೆರಡರಲ್ಲಿ ಕಳೆದಿತ್ತು. ಕೂಡುವ ಲೆಕ್ಕವನ್ನು ಯಾವ ಕಡೆಯಿಂದ ಕೂಡಿದರೂ ಒಂದೇ, ಅದಕ್ಕೇ ಅವಳ ಪರೀಕ್ಷೆಯಲ್ಲಿ ಇದು ಸಿಕ್ಕಿರಲಿಲ್ಲ. ಎರಡು ಸಲ ಕಳೆಯುವ ಒಂದೇ ಒಂದು ಲೆಕ್ಕವನ್ನು ಕೊಟ್ಟು ನೋಡಿದ್ದರೆ ಸಾಕಿತ್ತು. ಮೇಲಾಗಿ ಪುಟ್ಟಿ ಮೆಟ್ಟಿಲ ಮೇಲೆ ನಿಂತು ಹೇಳಿದ್ದಳು, ನಾನು ಬರೆದದ್ದಲ್ಲ ಇದು ಎಂದು.

ಅತ್ತಿಗೆ ಹಿರಿಯ ಸಹೋದ್ಯೋಗಿಯ ಮೇಜಿಗೆ ಹೋಗಿ ವಿಷಯ ಹೇಳಿದಳು. ಆತ ಕನ್ನಡಕ ತೆಗೆದು ಒರೆಸಿಕೊಂಡ.

"ಬೇರೆ ಯಾರೂ ದೂರು ಕೊಟ್ಟಿಲ್ವಲ್ಲ? ಸದ್ದಿಲ್ಲದೆ ಸರಿಮಾಡಿ ಹೊಸ ಆವೃತ್ತಿ ಬಿಡಿ. ಡಂಗುರ ಹೊಡೆದ್ರೆ ಇರೋರೂ ಹೆದರಿ ಓಡಿಹೋಗ್ತಾರೆ."

ಮಾತಿನಲ್ಲಿ ಕೆಟ್ಟ ಬುದ್ಧಿಯೇನಿರಲಿಲ್ಲ. ಅತ್ತಿಗೆಗೂ ಅರೆಗಳಿಗೆ ಹಾಗೇ ಮಾಡಿಬಿಡೋಣ ಅನ್ನಿಸಿತು. ಮನೆಯಲ್ಲಿ ಪುಟ್ಟಿ ತಪ್ಪನ್ನು ಆಗಲೇ ತನ್ನ ತಲೆಗೆ ಕಟ್ಟಿಕೊಂಡಿದ್ದಳು, ಅಣ್ಣನೂ ಅದಕ್ಕೆ ಮೊಹರು ಹಾಕಿಯಾಗಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಈ ಜನ್ಮದಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದೇ ಅವಳಿಗೆ ಹಿಂಸೆಯಾಯಿತು. ತನ್ನ ಜಾಗಕ್ಕೆ ವಾಪಸು ಬಂದು, ಬಳಸುವವರೆಲ್ಲರಿಗೂ ಆರು ಸಾಲಿನ ಪತ್ರ ಬರೆದಳು: ಹೊಸ ಆವೃತ್ತಿಯಲ್ಲಿ ಒಂದಾದ ಮೇಲೊಂದು ಕಳೆಯುವ ಮತ್ತು ಭಾಗಿಸುವ ಲೆಕ್ಕ ತಪ್ಪಾಗುತ್ತಿದೆ, ತಪ್ಪು ನನ್ನದು, ದಯವಿಟ್ಟು ಹಳೆಯದಕ್ಕೆ ಮರಳಿ. ಮಧ್ಯಾಹ್ನದ ಹೊತ್ತಿಗೆ ರಜೆ ಹೇಳಿ ಮನೆಗೆ ಹೊರಟಳು.

ಪುಟ್ಟಿ ನೆಲದ ಮೇಲೆ ಕೂತು ಸ್ವೆಟರಿನ ಕಾಲರನ್ನು ಬಿಡಿಸುತ್ತಿದ್ದಳು. ಪಕ್ಕದಲ್ಲಿ ಬಿಡಿಸಿದ ಉಣ್ಣೆ ಸುರುಳಿ ಸುರುಳಿಯಾಗಿ ಬಿದ್ದಿತ್ತು. ನೋಟ್‌ಬುಕ್ಕು ತೆರೆದಿತ್ತು. ಹಾಳೆಯ ತುಂಬ ಒಂದೇ ಲೆಕ್ಕ, ಕೆಳಗೆ ಕೆಳಗೆ, ಪೆನ್ಸಿಲ್ಲಿನಲ್ಲಿ.

"ಇದೇನು ಅತ್ತಿಗೆ, ಇಷ್ಟು ಬೇಗ? ಹುಷಾರಿಲ್ವಾ?"

ಅತ್ತಿಗೆ ಚಪ್ಪಲಿ ಬಿಟ್ಟು ಬಂದು ಎದುರಿಗೆ ಕೂತಳು. "ಪುಟ್ಟಿ, ಲೆಕ್ಕ ತಪ್ಪಿದ್ದು ನೀನಲ್ಲ, ನಾನು. ನೀನು ಬರೆದ ನಿಯಮ ಸರಿಯಾಗೇ ಇತ್ತು. ಅದನ್ನ ತಿರುಚಿ ಇಟ್ಟಿದ್ದು ನನ್ನ ಲೈಬ್ರರಿ."

ಪುಟ್ಟಿಯ ಕೈ ನಿಂತಿತು. ಅತ್ತಿಗೆ ನೋಟ್‌ಬುಕ್ಕಿನಲ್ಲೇ ಬರೆದು ತೋರಿಸಿದಳು, ಪಾರ್ಸರ್ ಹೇಗೆ ಹಿಂದಿನಿಂದ ಕಳೆಯುತ್ತ ಬಂತು, ನಲವತ್ತೆಂಟು ಹೇಗೆ ಆಯಿತು ಎಂದು. ಪುಟ್ಟಿ ಅದನ್ನು ಒಂದು ಸಲ ನೋಡಿದಳು, ಮತ್ತೊಂದು ಸಲ ನೋಡಿದಳು.

"ಬೇಜಾರಾಗಿದ್ರೆ ಬೈದುಬಿಡು," ಎಂದಳು ಅತ್ತಿಗೆ.

ಪುಟ್ಟಿ ಬೈಯಲಿಲ್ಲ. ಉಣ್ಣೆಯ ಎಳೆಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಎಂಟು ಸಲ ಮಾಡಿದೆ ಅತ್ತಿಗೆ," ಎಂದಳು. "ಎಂಟು ಸಲಾನೂ ಮೂವತ್ತಾರೇ ಬಂತು. ಆದ್ರೂ ನಾನೇ ತಪ್ಪು ಅಂದ್ಕೊಂಡೆ. ಎಂಟು ಸಲ ಸರಿ ಬಂದ್ರೂ ನನ್ನನ್ನ ನಾನು ನಂಬಲಿಲ್ವಲ್ಲ, ಅದಕ್ಕೆ ಬೇಜಾರು."

ಅವಳ ಕಣ್ಣು ತುಂಬಿತು. ಅತ್ತಿಗೆ ಇನ್ನೊಂದು ಸ್ವೆಟರನ್ನು ತೊಡೆಯ ಮೇಲೆಳೆದುಕೊಂಡು ಕಾಲರಿನ ತುದಿ ಹುಡುಕತೊಡಗಿದಳು.

"ಅಲ್ಲಿಂದ ಬಿಚ್ಚಬೇಡಿ, ಗಂಟಾಗುತ್ತೆ. ಎಡಗಡೆಯಿಂದ," ಎಂದಳು ಪುಟ್ಟಿ, ಮೂಗು ಒರೆಸಿಕೊಳ್ಳುತ್ತ.

ಸಂಜೆ ಗಂಡ ಕೆಲಸದಿಂದ ಬಂದು ಕೆಳಗಿನ ಕೋಣೆಗೆ ಇಣುಕಿದಾಗ ಇಬ್ಬರೂ ಉಣ್ಣೆಯ ನಡುವೆ ಮುಳುಗಿದ್ದರು. ಅತ್ತಿಗೆ ಅವನಿಗೆ ಎಲ್ಲವನ್ನೂ ಹೇಳಿದಳು. ಹೇಳಿ, "ನಿಮ್ಮ ತಂಗಿ ಲೆಕ್ಕದಲ್ಲಿ ನನಗಿಂತ ಹುಷಾರು. ಇನ್ನು ಆ ಏಳನೇ ಕ್ಲಾಸಿನ ಮಾತು ಈ ಮನೇಲಿ ಬೇಡ," ಎಂದಳು. ದನಿ ಏರಿಸಲಿಲ್ಲ. ಅವನು ಬಾಗಿಲಲ್ಲೇ ಕಾಲು ಬದಲಿಸುತ್ತ ನಿಂತ.

"ನಾನು ತಮಾಷೆಗೆ ಅಂದೆ ಕಣೇ ಪುಟ್ಟಿ," ಎಂದ.

"ಗೊತ್ತು ಅಣ್ಣ. ಮೂವತ್ತು ವರ್ಷದಿಂದ ತಮಾಷೆಗೇ ಅಂತಿದ್ದೀಯ," ಎಂದಳು ಪುಟ್ಟಿ.

ಅವನು ಒಳಗೆ ಬಂದು, ಎರಡೂ ಕೈ ಮುಂದೆ ಚಾಚಿ, ಉಣ್ಣೆಯ ಲಡಿ ಸುತ್ತಲು ಕೂತ. ಊಟದ ಹೊತ್ತಿನ ತನಕ ಏಳಲಿಲ್ಲ.

ಲೈಬ್ರರಿಯನ್ನು ಸರಿಮಾಡಲು ಅತ್ತಿಗೆಗೆ ಒಂಬತ್ತು ದಿನ ಹಿಡಿಯಿತು. ಅಲ್ಲಿಯ ತನಕ ಹೊಸ ನಿಯಮ ಬಂದೊಡನೆ ಹಳೆಯದನ್ನು ಎಸೆದುಬಿಡುತ್ತಿದ್ದ ಲೈಬ್ರರಿ ಈಗ ಎರಡನ್ನೂ ಇಟ್ಟುಕೊಂಡಿತು. ತಿದ್ದಿ ಮಾಡಿದ ಪ್ರತಿ ನಿಯಮದ ಮೇಲೂ ಅದು ಯಾವ ನಿಯಮದಿಂದ ಹುಟ್ಟಿತು ಎಂಬ ಗುರುತು. ಓದುವಾಗ ಪಾರ್ಸರ್ ತನಗೆ ಅನುಕೂಲವಾದ ದಾರಿಯಲ್ಲೇ ಓದಲಿ, ಓದಿ ಮುಗಿದ ಮೇಲೆ ಬಾಲಗಳನ್ನೆಲ್ಲ ಮಡಚಿ, ಬರೆದವರು ಬರೆದ ಆಕಾರಕ್ಕೇ ತಂದು ಒಪ್ಪಿಸಬೇಕು. ತಪ್ಪು ಕಂಡರೆ ಬರೆದವರು ಇಟ್ಟ ಹೆಸರಿನಲ್ಲೇ ಹೇಳಬೇಕು. ಪರೀಕ್ಷೆಗೆ ಅವಳು ಪುಟ್ಟಿಯ ನೋಟ್‌ಬುಕ್ಕನ್ನೇ ಕೇಳಿ ತೆಗೆದುಕೊಂಡು ಹೋದಳು. ಅದರಲ್ಲಿ ಆರು ವರ್ಷದ ಲೆಕ್ಕಗಳಿದ್ದವು. ಆಫೀಸಿನಲ್ಲಿ ಹಿರಿಯ ಸಹೋದ್ಯೋಗಿಯೇ ಕೂತು ಅದನ್ನೆಲ್ಲ ಒಂದೊಂದಾಗಿ ಒತ್ತಿದ. ಪತ್ರ ನೋಡಿ ಹೆದರಿ ಓಡಿಹೋದವರು ಯಾರೂ ಇರಲಿಲ್ಲ. ನಾಲ್ಕು ಜನ ಮಾತ್ರ ಉತ್ತರ ಬರೆದಿದ್ದರು, ಮೂವರು ಥ್ಯಾಂಕ್ಸ್ ಹೇಳಿ, ಒಬ್ಬರು ಕಟುವಾಗಿ. ಕಟುವಾಗಿ ಬರೆದವರಿಗೂ ಅವಳು ನೆಟ್ಟಗೆ ಉತ್ತರ ಬರೆದಳು.

ಸ್ವೆಟರುಗಳು ಹತ್ತು ದಿನ ತಡವಾಗಿ ಸಿದ್ಧವಾದವು. ಈ ಸಲ ಒಪ್ಪಿಸಲು ಅತ್ತಿಗೆಯೂ ಜೊತೆಗೆ ಹೋದಳು. ಶೀತಲಗೃಹದ ಬಾಗಿಲು ತೆರೆದಾಗಲೆಲ್ಲ ಬಿಳಿಯ ಹಬೆ ನೆಲದ ಮೇಲೆ ಹರಿದು ಬರುತ್ತಿತ್ತು. ಪೆಟ್ಟಿಗೆ ಹೊರುವವರು ಒಬ್ಬೊಬ್ಬರಾಗಿ ಬಂದು ತೊಟ್ಟು ನೋಡಿದರು. ಒಬ್ಬ ಹೆಂಗಸು ಕತ್ತಿನ ಪಟ್ಟಿಯನ್ನು ಎರಡು ಬೆರಳಲ್ಲಿ ಎಳೆದು, ಬಿಟ್ಟು, ಅದು ಮತ್ತೆ ಕತ್ತಿಗೆ ಬಂದು ಕೂತದ್ದನ್ನು ಕಂಡು ತಲೆಯಾಡಿಸಿ ಒಳಗೆ ಹೋದಳು. ಮೇಲ್ವಿಚಾರಕರು ಅತ್ತಿಗೆಯತ್ತ ನೋಡಿ, "ಇವರು ಯಾರು?" ಎಂದು ಕೇಳಿದರು.

"ನಮ್ಮತ್ತಿಗೆ," ಎಂದಳು ಪುಟ್ಟಿ. "ಕಂಪ್ಯೂಟರ್ ಕೆಲಸ ಇವರದ್ದು, ಲೆಕ್ಕ ನನ್ನದು. ಇನ್ನೂ ಏನಾದ್ರೂ ಬೇಕಿದ್ರೆ ಹೇಳಿ, ಕೈಗವಸಿಗೂ ನಿಯಮ ಬರೆದಿಟ್ಟಿದ್ದೀನಿ."

ಮೇಲ್ವಿಚಾರಕರು ತಮ್ಮ ಕೆಂಪೇರಿದ ಬೆರಳುಗಳನ್ನು ಉಜ್ಜಿಕೊಳ್ಳುತ್ತ, ಎಷ್ಟು ದಿನ ಬೇಕಾಗುತ್ತದೆ ಎಂದು ಕೇಳಿದರು.